ಕಂಬಳಿ ಹಾಸಿ ಕುಂತ ವ್ಯಾಪಾರಿ

ಹೆದರಿಕೆಯ ವಿಷಯದಲ್ಲಿ ನಮ್ಮ ಓಣಿಯಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಹಾವಿಗೆ ಹೆದರುವವರಿದ್ದಾರೆ, ಫೋನಿನಲ್ಲಿ ಹೊಸ ನಂಬರು ಕಂಡರೆ ಬೆವರುವವರಿದ್ದಾರೆ. ನಾನು ಈ ಎರಡಕ್ಕೂ ಹೆದರುತ್ತೇನೆ, ಅದರ ಮೇಲೆ ಗಿರಾಕಿಗಳಿಗೂ ಹೆದರುತ್ತೇನೆ. "ತಗೊಳ್ರಿ, ಚೆನ್ನಾಗೈತೆ" ಅನ್ನುವ ಮಾತು ಬೇರೆಯವರ ಬಾಯಲ್ಲಿ ನೀರು ಕುಡಿದಷ್ಟು ಸಲೀಸಾಗಿ ಬರುತ್ತದೆ. ನನ್ನ ಗಂಟಲಲ್ಲಿ ಅದು ಅಗಿದು ನುಂಗಿದ ಮುದ್ದೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ನನ್ನ ನೌಕರಿಯೂ ಕಾರಣ. ಚಳ್ಳಕೆರೆಯ ಕಾಲೇಜೊಂದರ ಲ್ಯಾಬಿನಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದೆ. ಗಾಜಿನ ಸಾಮಾನು ಒಡೆದರೆ ನನ್ನ ತಲೆಗೆ ಬರುತ್ತಿತ್ತು. ಹಾಗಾಗಿ ಮೂವತ್ತು ವರ್ಷ ನಾನು ಹುಡುಗರಿಗೆ ಆಡಿದ ಮಾತು ಒಂದೇ: "ಮುಟ್ಟಬೇಡಿ." ಇಂಥವನನ್ನು ನಿವೃತ್ತಿಯಾದ ಮೇಲೆ "ಮುಟ್ಟಿ ನೋಡ್ರಿ, ತಗೊಳ್ರಿ" ಅನ್ನೋ ಕೆಲಸಕ್ಕೆ ಹಚ್ಚಿದರೆ ಏನಾಗಬೇಕೋ ಅದೇ ಆಯಿತು.

ಹಚ್ಚಿದವಳು ನನ್ನ ಹೆಂಡತಿ ಬೋರಮ್ಮ. ಅವಳ ತವರು ಮೊಳಕಾಲ್ಮೂರು. ತಮ್ಮನ ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ ಇದೆ. ಅಲ್ಲಿ ಉಳಿಯುವ ಅಂಚಿನ ತುಂಡುಗಳನ್ನು ತಂದು, ಇಲ್ಲಿ ಚಳ್ಳಕೆರೆಯ ಕರಿ ಕಂಬಳಿಯನ್ನು ಕತ್ತರಿಸಿ, ಎರಡನ್ನೂ ಸೇರಿಸಿ ಚೀಲ ಹೊಲಿಯುತ್ತಾಳೆ. ಹೆಗಲಿಗೆ ಹಾಕುವುದು, ಕೈಯಲ್ಲಿ ಹಿಡಿಯುವುದು, ಎಲೆ ಅಡಿಕೆ ಇಡುವ ಚಿಕ್ಕದು, ಹೀಗೆ. ಒರಟು ಕಂಬಳಿಗೆ ಗುಲಾಬಿ ರೇಷ್ಮೆಯ ಅಂಚು ಬಂದಾಗ ಅದು ನೋಡಲು ಬಲು ಚೆಂದ. ಗಂಡ ಅಂತ ಹೇಳುತ್ತಿಲ್ಲ, ನಿಜವಾಗಿಯೂ ಚೆಂದ. ಎರಡು ವರ್ಷದ ಹಿಂದೆ ಅವಳ ಅಕ್ಕ ತೀರಿಕೊಂಡಾಗಿನಿಂದ ಬೋರಮ್ಮ ಊಟ ಮುಗಿಸಿ ಗೋಡೆಗೆ ಮುಖ ಮಾಡಿ ಕೂತರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ನಾನು ಏನು ಕೇಳಿದರೂ "ಹೂಂ" ಅಷ್ಟೇ. ಒಂದಿನ ಯಾಕೋ ಹಳೇ ಕಂಬಳಿ ಎಳೆದು ಕತ್ತರಿ ಹಾಕಿದಳು. ಆಮೇಲೆ ಮಿಷಿನ್ನು ತುಳಿಯತೊಡಗಿದಳು, ನನ್ನನ್ನು ಬೈಯತೊಡಗಿದಳು. ಆ ಬೈಗುಳ ಕೇಳಿ ನನಗೆ ಹೋದ ಜೀವ ಬಂದಂತಾಗಿತ್ತು.

ಚೀಲಗಳು ಟ್ರಂಕು ತುಂಬಿದವು, ಮಂಚದ ಕೆಳಗೂ ತುಂಬಿದವು. ಹೊಲಿದವಳೇ ಹೊಗಳಿಕೊಂಡು ಮಾರುವುದು ಅವಳಿಗೆ ಸರಿಬರದು. "ನೀವು ಸುಮ್ನೆ ಕುಂತಿರ್ತೀರಲ್ಲ, ಎಲ್ಲಾದ್ರೂ ಸಂತೆ ಗಿಂತೆ ನೋಡ್ರಿ" ಅಂದಳು. ನೋಡಲು ಹೋದೆ. ಚಳ್ಳಕೆರೆ ಸಂತೆಯಲ್ಲಿ ಖಾಲಿ ಕಂಡ ಜಾಗದಲ್ಲೆಲ್ಲ ಗುರುತಿಗೆ ಯಾರೋ ಇಟ್ಟ ಒಂದು ಕಲ್ಲು ಇತ್ತು. ಒಂದು ಕಲ್ಲು ಸರಿಸಿ ಕೂತೆ. ಈರುಳ್ಳಿ ಮಾರುವ ಹೆಂಗಸೊಬ್ಬಳು ಬಂದು ಸೊಂಟದ ಮೇಲೆ ಕೈಯಿಟ್ಟು, "ಏನಣ್ಣ, ಇದು ನಮ್ಮತ್ತೆ ಕುಂತ ಜಾಗ, ನಮ್ಮತ್ತೆಯ ಅತ್ತೆ ಕುಂತ ಜಾಗ" ಅಂದಳು. ಮೂರನೆಯ ಅತ್ತೆ ಬರುವಷ್ಟರಲ್ಲಿ ನಾನು ಬಸ್‌ ಸ್ಟ್ಯಾಂಡಿನಲ್ಲಿದ್ದೆ. ಪೇಟೆಯ ಅಂಗಡಿಗಳಿಗೂ ಹೋದೆ. ಅಂಗಡಿಯವರು ತಲೆಯೆತ್ತಿ "ಕ್ಯಾ ಹೋನಾ?" ಅಂತ ಏನು ಬೇಕೆಂದು ಕೇಳಿದರೆ ಸಾಕು, ನಾನು ಬೇಡವಾದ ಸೋಪೋ ಬ್ಯಾಟರಿಯೋ ಕೊಂಡುಕೊಂಡು ಆಚೆ ಬರುತ್ತಿದ್ದೆ. ಮನೆಯಲ್ಲಿ ಚೀಲ ಒಂದೂ ಕಡಿಮೆಯಾಗಲಿಲ್ಲ, ಸೋಪು ಮಾತ್ರ ವರ್ಷಕ್ಕಾಗುವಷ್ಟಾಯಿತು.

ಬೋರಮ್ಮ ಸೋಪುಗಳನ್ನು ನೋಡಿದಳು, ನನ್ನನ್ನು ನೋಡಿದಳು. ಮೊಳಕಾಲ್ಮೂರಿನ ಕಲ್ಯಾಣ ಮಂಟಪವೊಂದರಲ್ಲಿ ಕೈಯಿಂದ ಮಾಡಿದ ಸಾಮಾನುಗಳ ಮಾರಾಟ ಮೇಳ ಇದೆ ಅಂತ ಅವಳ ತಮ್ಮ ಫೋನು ಮಾಡಿದ್ದ. "ಇದೊಂದು ಸಲ ನೋಡಾಣ" ಅಂದಳು. "ಇಲ್ಲೂ ಒಂದೂ ಹೋಗ್ಲಿಲ್ಲ ಅಂದ್ರೆ ಮಿಷಿನ್ನು ಮಗಳ ಮನೆಗೆ ಕಳಿಸ್ಬಿಡ್ತೀನಿ. ಸಾಕು." ಅವಳು ಸಿಟ್ಟಿನಿಂದ ಅಂದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಮೆಲ್ಲಗೆ ಅಂದಳು. ಆ ಗೋಡೆ ನನ್ನ ಕಣ್ಣ ಮುಂದೆ ಬಂತು. ಚೀಲಗಳನ್ನು ಗಂಟು ಕಟ್ಟಿಕೊಂಡು ಬಸ್ಸು ಹತ್ತಿದೆವು.

ಮಂಟಪದಲ್ಲಿ ಮೇಳದವರು ನಿಮಗೆ ಇಷ್ಟ ಬಂದ ಜಾಗ ಹಿಡಿಯಿರಿ ಅಂದರು. ಬಾಗಿಲ ಹತ್ತಿರ ಒಳ್ಳೆ ಜಾಗವಿತ್ತು. ಬರುವವರೆಲ್ಲ ಮೊದಲು ನನ್ನ ಮುಖವನ್ನೇ ನೋಡುತ್ತಾರಲ್ಲ ಅನ್ನಿಸಿತು. ಬೋರಮ್ಮ ತಮ್ಮನ ಮನೆಯಿಂದ ಊಟ ತರುತ್ತೇನೆಂದು ಅತ್ತ ಹೋದದ್ದೇ ತಡ, ನಾನು ಗಂಟು ಹೊತ್ತು ಒಳಗೆ ಒಳಗೆ ಸರಿದು, ಮದುವೆಯ ಗಂಡುಹೆಣ್ಣು ಕೂರುವ ಕಟ್ಟೆ ಹತ್ತಿ ಅದರ ಮೂಲೆ ಸೇರಿದೆ. ಹಿಂದೆ ಹೂವು ಬಳ್ಳಿ ಕೆತ್ತಿದ ಬಣ್ಣದ ಕಮಾನು. ನೆಲದಲ್ಲಿ ಧೂಳಿತ್ತು. ಅಪ್ಪನ ಕಾಲದ ಕರಿ ಕಂಬಳಿಯೊಂದನ್ನು ತಂದಿದ್ದೆ. ಮನೆಯ ರೂಢಿಯಂತೆ ನಾಲ್ಕು ಮಡಿಕೆ ಮಾಡಿ ಹಾಸಿದೆ. ದೊಡ್ಡ ಚೀಲವೊಂದಕ್ಕೆ ಪೇಪರು ತುರುಕಿ ಉಬ್ಬಿಸಿ ನಡುವೆ ನಿಲ್ಲಿಸಿದೆ, ಚಿಕ್ಕವನ್ನು ಸುತ್ತ ಜೋಡಿಸಿದೆ. ಕೆಳಗಿನ ಊದುಬತ್ತಿ ಅಂಗಡಿಯವರು ವಾಸನೆ ನೋಡಿ ಅಂತ ಎರಡು ಕಡ್ಡಿ ಹಚ್ಚಿ ಕೊಟ್ಟರು, ಬೇಡ ಅನ್ನಲು ಹೆದರಿ ಪಕ್ಕದಲ್ಲಿ ಸಿಕ್ಕಿಸಿದೆ. ಹೆದರಿಕೆಗೆ ಅಂತ ಬೆಳಿಗ್ಗೆ ಹಣೆ ತುಂಬ ವಿಭೂತಿ ಬಳಿದುಕೊಂಡಿದ್ದೆ. ಕೈ ನಡುಗುವುದು ಕಾಣಬಾರದೆಂದು ಎರಡೂ ಕೈ ಜೋಡಿಸಿ, ಕಣ್ಣು ಅರ್ಧ ಮುಚ್ಚಿ ಕೂತೆ.

ನಮ್ಮ ಕಡೆ ಕಂಬಳಿ ಮಡಿಸಿ ಹಾಸಿದರೆ ಅದು ಗದ್ದಿಗೆ, ದೇವರು ಕೂರುವ ಜಾಗ. ಹುಟ್ಟಿದಾಗಿನಿಂದ ಗೊತ್ತಿರುವ ಈ ಸಂಗತಿ ನನಗೆ ಆ ಹೊತ್ತು ಹೊಳೆಯಲಿಲ್ಲ. ಒಬ್ಬ ಅಜ್ಜಿ ಕಟ್ಟೆ ಹತ್ತಿ ಬಂದಳು. ಮೆಟ್ಟು ಬಿಟ್ಟಳು. ಬಗ್ಗಿ ಕಂಬಳಿಗೆ ಹಣೆ ಹಚ್ಚಿದಳು. "ಏ ದೇವುಡು ಸಾಮೀ?" ಅಂತ ಆ ಕಡೆಯ ತೆಲುಗಿನಲ್ಲಿ ಯಾವ ದೇವರೆಂದು ಕೇಳಿದಳು. ಸಾಮಾನು ಯಾರದೆಂದು ಹೇಳಿಬಿಡೋಣವೆಂದು, "ಇದೆಲ್ಲಾ ಬೋರಮ್ಮಂದು" ಅಂದೆ. "ಬೋರಮ್ಮ ತಾಯೀ" ಅಂತ ಅಜ್ಜಿ ಇನ್ನೊಮ್ಮೆ ಅಡ್ಡಬಿದ್ದಳು.

ಒಬ್ಬರು ಅಡ್ಡಬಿದ್ದ ಕಡೆ ಇನ್ನೊಬ್ಬರು ಸುಮ್ಮನೆ ನಿಲ್ಲುವುದಿಲ್ಲ. ಸೀರೆ ನೋಡಲು ಬಂದ ಹೆಂಗಸರು ಸಾಲಾಗಿ ಹತ್ತಿದರು. ಬಾಳೆಹಣ್ಣು ಬಂತು, ಮಲ್ಲಿಗೆ ಬಂತು. ಒಬ್ಬಳು ಉಬ್ಬಿದ ಚೀಲಕ್ಕೆ ಕುಂಕುಮ ಹಚ್ಚಲು ಕೈ ಚಾಚಿದಳು. ಆಗ ನನ್ನೊಳಗಿನ ಮೂವತ್ತು ವರ್ಷದ ಅಟೆಂಡರ್ ಎದ್ದು, "ಮುಟ್ಟಬೇಡಿ" ಎಂದು ಗುಡುಗಿದ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. "ಭಾಳ ಮಡಿ ದೇವರು" ಅಂತ ಯಾರೋ ಪಿಸುಗುಟ್ಟಿದರು. ಇದು ದೇವರಲ್ಲ, ವ್ಯಾಪಾರ ಅಂತ ಹೇಳಬೇಕು. ಆದರೆ ಇಷ್ಟು ಜನ ಬಗ್ಗಿ ಎದ್ದ ಮೇಲೆ ಹೇಳಿದರೆ ಬಿಡುತ್ತಾರೆಯೇ? ಅಜ್ಜಿ ಪ್ರಸಾದ ಕೇಳಿದಳು. ನನ್ನ ಹತ್ತಿರ ಏನಿತ್ತು? ಎಲೆ ಅಡಿಕೆಯ ಚೀಲ ಒಂದನ್ನು ಎತ್ತಿ ಕೊಟ್ಟೆ. ಅವಳಿಗೆ ಕೊಟ್ಟ ಮೇಲೆ ಪಕ್ಕದವಳಿಗೆ ಇಲ್ಲ ಅನ್ನಲು ಹೆದರಿ ಅವಳಿಗೂ ಕೊಟ್ಟೆ. ಹೀಗೆ ಮುಂದಿನ ಸಾಲು ಪೂರ್ತಿ ಖಾಲಿಯಾಯಿತು.

ಆಗ ಬೋರಮ್ಮ ಊಟದ ಕ್ಯಾರಿಯರ್ ಹಿಡಿದು ಬಂದಳು. ಜನರ ಸಂದಿಯಲ್ಲಿ ಕಂಬಳಿ, ಹೂವು, ಹೊಗೆ ಕಂಡು, ನಮ್ಮವಳೇ ಅಲ್ಲವೇ, ಚಪ್ಪಲಿ ಬಿಟ್ಟು ಮೊದಲು ಕೈ ಮುಗಿದಳು. ಆಮೇಲೆ ತಲೆಯೆತ್ತಿದಳು. ತನ್ನ ಚೀಲ ಕಂಡಿತು, ಪಕ್ಕದಲ್ಲಿ ನಾನು ಕಂಡೆ. "ಏನ್ರಿ ಇದು?" ಅಂದಳು. ನಾನು ಉತ್ತರಿಸುವ ಮೊದಲೇ ಅಜ್ಜಿ, "ಬೋರಮ್ಮ ತಾಯಿ ಗದ್ದಿಗೆ ಕಣಮ್ಮ, ಪ್ರಸಾದ ಕೊಡ್ತಾವ್ರೆ" ಎಂದು ಕೈಯಲ್ಲಿದ್ದ ಚೀಲ ತೋರಿಸಿದಳು.

ಬೋರಮ್ಮ ಆ ಚೀಲವನ್ನೇ ನೋಡುತ್ತ ನಿಂತಳು. ನೆತ್ತಿಯಿಂದ ಬೆವರು ಇಳಿದು ನನ್ನ ವಿಭೂತಿ ತೊಯ್ಯತೊಡಗಿತು. ಮುಗಿಯಿತು, ಮಿಷಿನ್ನು ಹೋಯಿತು, ಮತ್ತೆ ಆ ಗೋಡೆಯೇ ಗತಿ ಅಂದುಕೊಂಡೆ.

"ಬೋರಮ್ಮ ನಾನೇ, ಅಜ್ಜಿ" ಅಂದಳು. "ಇವನ್ನ ಹೊಲ್ದೋಳು ನಾನು. ಇವರು ನಮ್ಮ ಯಜಮಾನ್ರು. ಮಾರೋಕೆ ಕುಂದ್ರಿಸಿ ಹೋಗಿದ್ದೆ."

ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಂತರ ಚೀಲವನ್ನು ಅವಳ ಮುಖದ ಮುಂದೆ ಹಿಡಿದು, "ನೀನೇ ಹೊಲ್ದಿದ್ದಾ? ಹಂಗಾದ್ರೆ ಕೇಳ್ತೀನಿ. ದಾರ ಯಾಕಿಷ್ಟು ಗಿಡ್ಡ ಬಿಟ್ಟಿದೀಯ? ಸೊಂಟಕ್ಕೆ ಸಿಗಿಸಾಕೆ ಆಗಲ್ಲ. ದೇವರು ಕೊಟ್ಟಿದ್ದು ಅಂತ ಸುಮ್ಕಿದ್ದೆ" ಅಂದಳು.

ಬೋರಮ್ಮ ಅಲ್ಲೇ ಮಂಡಿಯೂರಿ ಕೂತು ಅಜ್ಜಿಯ ಸೊಂಟಕ್ಕೆ ಟೇಪು ಸುತ್ತಿದಳು. "ಇಷ್ಟು ಉದ್ದ ಸಾಕಾ? ಸುಣ್ಣದ ಡಬ್ಬಿಗೆ ಬೇರೆ ಜೇಬು ಬೇಕಾ?" ಅನ್ನುತ್ತಿದ್ದಳು. ಉಳಿದವರಿಗೂ ಬಾಯಿ ಬಂತು. ಒಬ್ಬಳಿಗೆ ಒಳಗಿನ ಬಟ್ಟೆ ಬೇರೆ ಬಣ್ಣದ್ದು ಬೇಕಂತೆ, ಇನ್ನೊಬ್ಬಳಿಗೆ ಮೊಬೈಲು ಹಿಡಿಸಬೇಕಂತೆ. ಬೈದರು, ಚೌಕಾಸಿ ಮಾಡಿದರು, ಪ್ರಸಾದ ಇಸಿದುಕೊಂಡಿದ್ದ ಬಹಳ ಮಂದಿ ದುಡ್ಡನ್ನೂ ಕೊಟ್ಟರು. ಆ ಗದ್ದಲದ ನಡುವೆ ಬೋರಮ್ಮ ನಕ್ಕಿದ್ದನ್ನು ನಾನು ಕಣ್ಣಾರೆ ಕಂಡೆ. ಅಷ್ಟು ನಗು ನೋಡಿ ಎರಡು ವರ್ಷವಾಗಿತ್ತು. ನನಗೆ ಅಳು ಬಂದು, ಬಾಳೆಹಣ್ಣು ತಿನ್ನುವವನಂತೆ ಆ ಕಡೆ ತಿರುಗಿದೆ.

ವಾಪಸ್ಸು ಬಸ್ಸಿನಲ್ಲಿ ಅವಳು ಒಂದೇ ಮಾತು ಹೇಳಿದಳು. "ಮುಂದಿನ ಸಲ ನೀವು ಬರಬ್ಯಾಡ್ರಿ." ಮೊದಲು ಸಂತೋಷವಾಯಿತು. ಮನೆ ಹತ್ತಿರವಾದ ಹಾಗೆ ಹೊಸದೊಂದು ಹೆದರಿಕೆ ಶುರುವಾಯಿತು. ಇನ್ನು ನಾನು ಯಾವುದಕ್ಕೆ ಬೇಕು?

ಅದರ ಮುಂದಿನ ಭಾನುವಾರ ಪಕ್ಕದ ಮನೆಯವಳ ಜೊತೆ ದೊಡ್ಡಉಳ್ಳಾರ್ತಿಯ ಕಡೆ, ವಿಜ್ಞಾನ ಸಂಸ್ಥೆಗಳ ಹೊಸ ಕ್ವಾರ್ಟರ್ಸಿನವರು ಓಡಾಡುವ ಜಾಗ ನೋಡಿಕೊಂಡು ಮಾರಲು ಹೋದಳು. ನಾನು ಮನೆಯಲ್ಲಿ ಕೂತು, ಹೇಳಲು ನಾಚಿಕೆಯಾಗುತ್ತದೆ, ಒಂದಾದರೂ ಚೀಲ ಮಾರಾಟವಾಗದೆ ವಾಪಸ್ಸು ಬರಲಪ್ಪ ಅಂತ ಬೇಡಿಕೊಂಡೆ. ಆಗಲಾದರೂ ನನ್ನನ್ನು ಕರೆಯುತ್ತಾಳೆ. ಸಂಜೆ ಬರಿಗೈಯಲ್ಲಿ ಬಂದಳು. "ಎಲ್ಲಾ ಹೋದ್ವು" ಅಂದಳು, "ಒಬ್ರೂ ಕೈ ಮುಗೀಲಿಲ್ಲ." ನನ್ನ ಮುಖ ನೋಡಿ ಅವಳಿಗೆ ಏನನ್ನಿಸಿತೋ, ಒಂದು ಡಬ್ಬಿ ಗುಂಡಿ ತಂದು ಮುಂದಿಟ್ಟು, ದಾರ ಪೋಣಿಸಿಕೊಟ್ಟು, "ಇವನ್ನ ಹೊಲೀರಿ, ಯಾರ ಜೊತೇನೂ ಮಾತಾಡೋದಿಲ್ಲ ಇದ್ರಾಗೆ" ಅಂದಳು.

ಈಗ ನಮ್ಮ ಮನೆಯ ಚೀಲಗಳಿಗೆಲ್ಲ ಗುಂಡಿ ಹೊಲಿಯುವವನು ನಾನೇ. ವ್ಯಾಪಾರ ಚೆನ್ನಾಗಿದೆ. ಇಲ್ಲಿಯವರೆಗೆ ವಾಪಸ್ಸು ಬಂದಿರುವುದು ಒಂದೇ ಒಂದು ಚೀಲ. ಗುಂಡಿ ಕಿತ್ತು ಬಂದಿತ್ತು.