ಪಾಯ ತೆಗೆಯದ ಮನೆ

ನಾನು ಎಷ್ಟೇ ಸಿಟ್ಟಿನಿಂದ ಒಂದು ಕೆಲಸಕ್ಕೆ ಹೊರಟರೂ ಅದು ಜನ ನಗುವುದರಲ್ಲೇ ಮುಗಿಯುತ್ತದೆ. ಇವತ್ತು ನಿನ್ನೆಯದಲ್ಲ, ಬುದ್ಧಿ ಬಂದಾಗಿನಿಂದ ಹೀಗೇ. ಶಾಲೆ ಬಿಟ್ಟದ್ದು ಏಳನೇ ಕ್ಲಾಸಿಗೆ. ಆಮೇಲೆ ಕಡ್ಲೆಕಾಯಿ ಪೊಟ್ಟಣದ ಪೇಪರಿನಿಂದ ಹಿಡಿದು ಕಾರ್ಮಿಕ ಕಾಯ್ದೆಯ ಪುಸ್ತಕದವರೆಗೆ ಎಲ್ಲವನ್ನೂ ನಾನೇ ಓದಿಕೊಂಡೆ. ತುಮಕೂರಿನಲ್ಲಿ ನಲ್ಲಿ ನೀರು ಬರದಿದ್ದರೆ, ಕೂಲಿ ಕೊಡದಿದ್ದರೆ, ಬೀದಿ ದೀಪ ಹತ್ತದಿದ್ದರೆ ಮೈಕು ಹಿಡಿದು ನಿಲ್ಲುವವನು ನಾನು. ಅಂಥವನು ಬೇಸಿಗೆ ಮನೆ ಹುಡುಕಿಕೊಂಡು ಅಲೆದ ಕಥೆ ಇದು. ಬೇಸಿಗೆ ಮನೆ ಅಂದ ತಕ್ಷಣ ಸಾಹುಕಾರರ ಬಂಗಲೆ ನೆನಪು ಮಾಡಿಕೊಂಡು ನನ್ನ ಮೇಲೆ ಬೀಳಬೇಡಿ. ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ಲಾಯರರ ಸಲಹೆ

ಉಪ್ಪಾರಹಳ್ಳಿಯಲ್ಲಿ ನಮ್ಮ ಬಾಡಿಗೆ ಮನೆಗೆ ಸಿಮೆಂಟ್ ಶೀಟಿನ ಸೂರು. ಮಾರ್ಚಿ ಬಂತೆಂದರೆ ಮನೆಯೊಳಗೇ ಹಪ್ಪಳ ಒಣಗಿಸಬಹುದು. ನನ್ನ ಹೆಂಡತಿ ಆ ವರ್ಷ ಎರಡು ಸಲ ತಲೆ ಸುತ್ತಿ ಬಿದ್ದಳು. "ಬೇಸಿಗೆ ಮುಗಿಯೋವರೆಗೂ ಇವರನ್ನ ಈ ಶೀಟಿನ ಕೆಳಗೆ ಇಡಬೇಡಿ" ಅಂದರು ಡಾಕ್ಟರು.

ಎಲ್ಲಿಡುವುದು? ಗುಬ್ಬಿ ಹತ್ತಿರ ಅವಳ ತವರಿನ ತೆಂಗಿನ ತೋಟವಿದೆ. ಅದರ ಮೇಲ್ತುದಿಯ ಒಂದು ತುಂಡನ್ನು ಮಾವನವರು ಬಾಯಿ ಮಾತಿನಲ್ಲಿ ಮಗಳಿಗೆ ಕೊಟ್ಟಿದ್ದರು. ಅವರು ತೀರಿಕೊಂಡ ಮೇಲೆ ಇವಳ ಅಣ್ಣ ಅಡ್ಡ ನಿಂತ. "ಇನ್ನೂ ಭಾಗ ಆಗಿಲ್ಲ. ಪಾಯ ತೆಗುದ್ರೆ ಕೋರ್ಟಿಗೆ ಹೋಯ್ತೀನಿ" ಅಂದ. ಅವನು ಕರೆಯದೆ ತವರಿನ ಹೊಸಿಲು ತುಳಿಯುವುದಿಲ್ಲ ಅಂತ ಇವಳು. ಅವಳಾಗಿ ಬರದೆ ಕರೆಯುವುದಿಲ್ಲ ಅಂತ ಅವನು. ಮಾತು ನಿಂತು ವರ್ಷಗಳಾಗಿದ್ದವು. ತಪ್ಪೆಲ್ಲ ನನ್ನದಂತೆ. ಹೆಣ್ಣುಮಕ್ಕಳಿಗೂ ಪಾಲಿದೆ ಎಂದು ಹೇಳಿಕೊಟ್ಟವನು ನಾನಲ್ಲವೇ!

ತುಮಕೂರು ಕೋರ್ಟಿನ ಪರಿಚಯದ ಲಾಯರೊಬ್ಬರನ್ನು ಕೇಳಿದೆ.

"ಪಾಯ ತೆಗುದ್ರೆ ತಾನೆ ಮನೆ? ಚಕ್ರ ಇರೋದು ಯಾವುದಾದ್ರೂ ತಂದು ನಿಲ್ಸಿ ಅದರಲ್ಲೇ ಇರಿ. ಗಾಡಿ ನಿಲ್ಸೋಕೆ ಯಾರು ಸ್ಟೇ ತರ್ತಾರೆ?" ಅಂದರು.

"ಸಾರ್, ಇದು ಯಾವ ಕಾಯ್ದೇಲಿದೆ?"

"ಕಾಯ್ದೇಲಿ ಎಲ್ಲಿ ಐತಯ್ಯ! ನಮ್ಮನೆ ಗೇಟಿಗೆ ಅಡ್ಡ ಪಕ್ಕದ ಮನೆಯವ್ನು ಒಂದು ಹಳೇ ಕಾರು ನಿಲ್ಸವ್ನೆ. ಎಷ್ಟೋ ವರ್ಷ ಆಯ್ತು. ನಾನೇ ಲಾಯರ್ರು, ನನ್ ಕೈಲೇ ತೆಗೆಸೋಕೆ ಆಗಿಲ್ಲ."

ನಿಲ್ಲುವ ಬಸ್ಸು

ಶಿರಾ ಗೇಟಿನ ಹತ್ತಿರ ಹಳೇ ಗಾಡಿಗಳ ವ್ಯಾಪಾರಿಯೊಬ್ಬ ಇದ್ದ. ಅವನ ಅಂಗಳದಲ್ಲಿ ಒಂದು ಬಸ್ಸು ಮೂಲೆಗೆ ಬಿದ್ದಿತ್ತು. ಸೀಟು ಕಿತ್ತರೆ ಉದ್ದನೆಯ ಹಜಾರ, ಹಿಂದುಗಡೆ ಅಡುಗೆ ಎಂದು ನಾನು ಲೆಕ್ಕ ಹಾಕುತ್ತಿದ್ದರೆ ಅವನು ಬಾನೆಟ್ ಎತ್ತಿ ನಿಂತ.

"ಎಂಜಿನ್ ನೋಡಿ ಸಾರ್. ಪಿಕಪ್ ಅಂದ್ರೆ ಪಿಕಪ್ಪು. ಘಾಟಿ ರೋಡಲ್ಲೂ ಉಸ್ಸಪ್ಪ ಅನ್ನಲ್ಲ."

"ನನಗೆ ಎಂಜಿನ್ ಬೇಡಪ್ಪ."

"ಮೈಲೇಜು ಕೇಳಿ ಸಾರ್..."

"ಮೈಲೇಜೂ ಬೇಡ."

"ಹೊಸಾ ಬ್ರೇಕು ಸಾರ್, ಮೊನ್ನೆ ಹಾಕ್ಸಿದ್ದು."

ನನಗೆ ಪಿತ್ತ ನೆತ್ತಿಗೇರಿತು. ಸಭೆಯಲ್ಲಿ ಕೂಗುವ ದನಿಯಲ್ಲೇ ಕೂಗಿದೆ. "ಅಯ್ಯಾ, ನಂಗೆ ಓಡೋ ಗಾಡಿ ಬೇಡ ಕಣಯ್ಯ! ನಿಲ್ಲೋ ಗಾಡಿ ಬೇಕು! ಒಂದು ಸಲ ನಿಂತ್ರೆ ಅಲ್ಲಾಡಬಾರದು!"

ಅವನು ಬಾನೆಟ್ಟನ್ನು ಮೆಲ್ಲಗೆ ಇಳಿಸಿದ. ಮುಖದಲ್ಲಿ ದೊಡ್ಡ ನೆಮ್ಮದಿ ಕಾಣಿಸಿತು.

"ಮೊದ್ಲೇ ಹೇಳೋದಲ್ವಾ ಸಾರ್! ನಿಲ್ಲೋಕೆ ಇದಕ್ಕಿಂತ ಒಳ್ಳೇ ಗಾಡಿ ಈ ಜಿಲ್ಲೇಲೇ ಸಿಗಲ್ಲ. ಎಲ್ಲಿ ಅಂದ್ರೆ ಅಲ್ಲಿ ನಿಲ್ತಿತ್ತು. ಪ್ಯಾಸೆಂಜರ್ರು ಇಳಿದು ತಳ್ಳುದ್ರೂ ಅಲ್ಲಾಡ್ತಿರ್ಲಿಲ್ಲ."

ಆ ಬಸ್ಸನ್ನು ಹೆಂಡತಿ ಬೇಡ ಅಂದಳು. ತಗಡು ಮುಟ್ಟಿದರೆ ಕೈ ಸುಡುತ್ತಿತ್ತು. ಶೀಟಿನಿಂದ ತಪ್ಪಿಸಿಕೊಂಡು ತಗಡಿಗೆ ಹೋಗಲು ಇಷ್ಟು ತಾಪತ್ರಯ ಯಾಕೆ?

ಕುದುರೆಗೆ ಫ್ಯಾನು

ಕುಣಿಗಲ್ ಎಂದರೆ ಕುದುರೆ. ಅಲ್ಲೊಬ್ಬ ಖಾಸಗಿ ಮನುಷ್ಯನ ಹತ್ತಿರ ರೇಸಿನ ಕುದುರೆ ಸಾಗಿಸುವ ಹಳೇ ಟ್ರೈಲರ್ ಮಾರಾಟಕ್ಕಿದೆ ಎಂದು ಸುದ್ದಿ ಬಂತು. ಹೆಂಡತಿಯನ್ನೂ ಕರೆದುಕೊಂಡು ಹೋದೆ.

ಒಳಗೆ ಕಾಲಿಟ್ಟು ಇಬ್ಬರೂ ಬೆರಗಾದೆವು. ನೆಲಕ್ಕೆ ರಬ್ಬರು. ಸೂರಿಗೆ ಎರಡು ಪದರ, ನಡುವೆ ಬಿಸಿಲು ತಡೆಯುವ ದಪ್ಪ ಹತ್ತಿಯಂಥದ್ದು. ಗಾಳಿಗೆ ನಾಲ್ಕು ಕಿಟಕಿ. ಮೂಲೆಯಲ್ಲಿ ಫ್ಯಾನು.

"ಇದ್ಯಾಕೆ ಫ್ಯಾನು?" ಹೆಂಡತಿ ಕೇಳಿದಳು.

"ಕುದುರೆಗೆ ಸೆಕೆ ಆಗ್ಬಾರ್ದಲ್ಲಮ್ಮ" ಅಂದ ಮಾಲೀಕ.

ಸಾಕು, ನನಗೆ ಇನ್ನೇನು ಬೇಕು? ಶುರು ಮಾಡಿದೆ. ಈ ದೇಶದಲ್ಲಿ ಬೆವರು ಸುರಿಸಿ ದುಡಿಯುವವನಿಗೆ ಸಿಮೆಂಟ್ ಶೀಟು, ಕುದುರೆಗೆ ಫ್ಯಾನು! ಮನುಷ್ಯ ನಿಂತಲ್ಲೇ ಬೇಯಬೇಕು, ಕುದುರೆ ತಣ್ಣಗೆ ಪ್ರಯಾಣ ಮಾಡಬೇಕು! ಯಾವ ನ್ಯಾಯ ಇದು ಎಂದು ಆ ಟ್ರೈಲರಿನೊಳಗೇ ನಿಂತು ಕೇಳಿದೆ. ಮಾಲೀಕ ಕೈಕಟ್ಟಿಕೊಂಡು ಪೂರ್ತಿ ಕೇಳಿಸಿಕೊಂಡ. ಅವನಿಗೆ ಕೋಪವೂ ಬರಲಿಲ್ಲ.

"ನೀವೂ ಒಂದು ರೇಸ್ ಗೆದ್ದು ತೋರ್ಸಿ ಸಾರ್. ನಿಮ್ಗೂ ಹಾಕ್ತಾರೆ" ಅಂದ.

ಅಷ್ಟರಲ್ಲಿ ಹೆಂಡತಿ ತಂದಿದ್ದ ಚಾಪೆ ಹಾಸಿ ಮಲಗಿ ನೋಡಿದ್ದಳು. ಕುದುರೆ ನಿಂತೇ ನಿದ್ದೆ ಮಾಡುವ ಪ್ರಾಣಿ. ಟ್ರೈಲರಿನಲ್ಲಿ ಒಂದೊಂದು ಕುದುರೆಗೂ ಕಬ್ಬಿಣದ ಅಡ್ಡ ಹಾಕಿ ಇಕ್ಕಟ್ಟಾದ ಗೂಡು ಮಾಡಿದ್ದರು. ಇವಳು ಗೋಡೆಗೂ ಕಬ್ಬಿಣಕ್ಕೂ ಮಧ್ಯೆ ಸಿಕ್ಕಿಕೊಂಡು ಕೂಗಿದಳು. "ನ್ಯಾಯ ಆಮೇಲ್ ಕೇಳಿವ್ರಂತೆ. ಮೊದ್ಲು ನನ್ನ ಹಿಡ್ದು ಎಳೀರಿ!"

ಬೇಡಿಕೆ ಈಡೇರಿತು

ವಸಂತನರಸಾಪುರದಲ್ಲಿ ಆಗ ಫ್ಯಾಕ್ಟರಿಗಳು ಏಳುತ್ತಿದ್ದವು. ಒಂದು ಕಟ್ಟಡದ ಕೆಲಸ ಮುಗಿಯುತ್ತ ಬಂದಿತ್ತು. ಅಲ್ಲಿನ ಎಂಜಿನಿಯರುಗಳು ಕೂರುತ್ತಿದ್ದ ನಾಲ್ಕು ಚಕ್ರದ ಕ್ಯಾಬಿನ್ನನ್ನು ಮಾರುತ್ತಾರೆ ಎಂದು ಗೆಳೆಯ ಹೇಳಿದ. ನಾನು ಅಳತೆ ಟೇಪು ಹಿಡಿದುಕೊಂಡು ಹೋದೆ. ಯಾರನ್ನೂ ಕೇಳಲಿಲ್ಲ. ಕ್ಯಾಬಿನ್ನಿನ ಸುತ್ತ ಒಂದು ಸುತ್ತು ಬಂದೆ. ಬಗ್ಗಿ ಕೆಳಗೆ ನೋಡಿದೆ. ಗೋಡೆ ತಟ್ಟಿದೆ. ಒಳ್ಳೇ ಪ್ಲೈವುಡ್ಡು, ಮೇಲೆ ಎರಡು ಪದರದ ಸೂರು. ಮನಸ್ಸಿಗೆ ಹಿಡಿಸಿತು.

ದೂರದಿಂದ ನನ್ನ ಗುರುತು ಹಿಡಿದ ಸೂಪರ್‌ವೈಸರ್ ಓಡೋಡಿ ಬಂದ. ಕೈಯಲ್ಲಿದ್ದ ಊಟದ ಡಬ್ಬಿಯನ್ನೂ ಇಟ್ಟು ಬಂದಿರಲಿಲ್ಲ.

"ಸಾರ್, ಕುಡಿಯೋ ನೀರಿನ ಟ್ಯಾಂಕು ಇವತ್ತೇ ತೊಳೆಸ್ತೀನಿ."

ನಾನು ಸುಮ್ಮನೆ ಅವನ ಮುಖ ನೋಡಿದೆ. ಯಾಕೆ ಹೇಳುತ್ತಿದ್ದಾನೆ ಎಂದು ತಿಳಿಯಲಿಲ್ಲ.

"ಹೆಣ್ಣಾಳುಗಳಿಗೆ ಬೇರೆ ಪಾಯಿಖಾನೆ ಕಟ್ಟಿಸ್ತೀನಿ ಸಾರ್, ನಾಳೆಯಿಂದಾನೇ."

ಈಗ ತಿಳಿಯಿತು. ತಿಳಿದ ಮೇಲೆ ಬಾಯಿ ಬಿಡಲು ನಾನೇನು ದಡ್ಡನೇ? ಟೇಪು ಬಿಚ್ಚಿ ಬಾಗಿಲಿನ ಅಗಲ ಅಳೆದೆ.

"ಆಯ್ತು ಸಾರ್, ಹೆಲ್ಮೆಟ್ಟೂ ಕೊಡಿಸ್ತೀನಿ. ಭಾನುವಾರ ಕೆಲ್ಸ ಮಾಡಿಸಲ್ಲ."

ಕಿಟಕಿ ಅಳೆದೆ.

"ಮಧ್ಯಾಹ್ನ ಉಣ್ಣೋಕೆ ನೆರಳು ಬೇಕು ಅಂತಿದ್ರು. ಚಪ್ಪರ ಹಾಕಿಸ್ತೀನಿ. ಅಷ್ಟೇ ಸಾರ್, ಇನ್ನು ನನ್ ಕೈಲಿ ಆಗಲ್ಲ, ದಯವಿಟ್ಟು ಧರಣಿ ಮಾತ್ರ ಬೇಡ."

ಅಲ್ಲಿದ್ದ ಕೆಲಸಗಾರರನ್ನೆಲ್ಲ ಕರೆದು ಅದೆಲ್ಲವನ್ನೂ ಅವನ ಬಾಯಿಂದಲೇ ಇನ್ನೊಂದು ಸಲ ಹೇಳಿಸಿದೆ. ನನ್ನ ಇಡೀ ಜೀವಮಾನದಲ್ಲಿ ಗಂಟಲು ನೋಯದೆ ಗೆದ್ದ ಹೋರಾಟ ಅದೊಂದೇ. ಎಲ್ಲ ಮುಗಿದ ಮೇಲೆ ನಾನು ಬಂದ ಕೆಲಸಕ್ಕೆ ಬಂದೆ. "ಈ ಕ್ಯಾಬಿನ್ನು ನನಗೆ ಬೇಕಿತ್ತಲ್ಲ" ಅಂದೆ.

ಅವನು ಊಟದ ಡಬ್ಬಿಯನ್ನು ನೆಲಕ್ಕಿಟ್ಟು ತಲೆ ಮೇಲೆ ಕೈ ಹೊತ್ತುಕೊಂಡ. "ಸಾರ್, ಕೇಳಿದ್ದೆಲ್ಲ ಒಪ್ಕೊಂಡ್ಮೇಲೂ ಆಫೀಸೇ ಕಿತ್ಕೊಂಡು ಹೋಗ್ತೀನಿ ಅಂತೀರಲ್ಲ, ಇದು ಯಾವ ಸಂಘದ ರೂಲು?"

ಕೊನೆಗೆ ನ್ಯಾಯವಾದ ಬೆಲೆ ಕೊಟ್ಟೇ ಕೊಂಡೆ. ಆದರೂ ನಾನು ಕ್ಯಾಬಿನ್ ಜಪ್ತಿ ಮಾಡಿಕೊಂಡು ಹೋದೆ ಎಂದೇ ಅಲ್ಲಿ ಸುದ್ದಿಯಾಯಿತು.

ಬೈಯುವ ಡಾಕ್ಟರು

ಕ್ಯಾಬಿನ್ನನ್ನು ಟ್ರಾಕ್ಟರಿಗೆ ಕಟ್ಟಿ ಗುಬ್ಬಿ ಕಡೆ ಹೊರಟೆವು. ಗುಬ್ಬಿಯಲ್ಲಿ ಡ್ರೈವರು ಟೀ ಕುಡಿಯಲು ನಿಲ್ಲಿಸಿದ. ನಾನು ಕ್ಯಾಬಿನ್ನಿನ ಒಳಗೆ ಕಾಲು ಚಾಚಿ ಕೂತೆ. ಬಿಳಿ ಬಣ್ಣದ ಕ್ಯಾಬಿನ್ನು, ನಾನು ಹಾಕಿದ್ದೂ ಬಿಳಿ ಅಂಗಿ.

ಬಾಗಿಲಲ್ಲಿ ಒಬ್ಬ ಅಜ್ಜಿ ಕಾಣಿಸಿದಳು. ಹತ್ತಿ ಬಂದು ನನ್ನ ಎದುರಿಗೆ ಕೂತು, ಕಣ್ಣಿನ ರೆಪ್ಪೆಯನ್ನು ಬೆರಳಲ್ಲಿ ಅಗಲಿಸಿ ತೋರಿಸಿದಳು.

"ಈ ಕಡೇದು ಮಂಜು ಮಂಜು ಕಣಪ್ಪ."

ಆ ವಾರ ಎಲ್ಲೋ ಹತ್ತಿರದಲ್ಲಿ ಕಣ್ಣಿನ ಕ್ಯಾಂಪು ಇತ್ತಂತೆ. ನಾನು ಎದ್ದು ನೋಡಿದರೆ ಹೊರಗೆ ಸಾಲು ನಿಂತುಬಿಟ್ಟಿದೆ. ನಾನು ಡಾಕ್ಟರಲ್ಲ, ಇದು ಆಸ್ಪತ್ರೆಯಲ್ಲ, ನನ್ನ ಮನೆ ಎಂದು ಹೇಳಿದೆ. ಯಾರೂ ಅಲ್ಲಾಡಲಿಲ್ಲ. ಆಮೇಲೆ ಕೂಗಿದೆ. ಸರ್ಕಾರಿ ಆಸ್ಪತ್ರೆಗೆ ಹೋಗಿ ಹಕ್ಕಿನಿಂದ ಕೇಳಿ, ಹೀಗೆ ಸಿಕ್ಕಿದ ಗಾಡಿ ಹತ್ತಬೇಡಿ ಎಂದು ಬೈದೆ.

ಸಾಲಿನ ಕೊನೆಯಲ್ಲಿದ್ದ ಹೆಂಗಸೊಬ್ಬಳು ಹೆದರಿ ಹೊರಟಳು. ಒಳಗಿದ್ದ ಅಜ್ಜಿ ಅವಳನ್ನು ಕೂಗಿ ತಡೆದಳು.

"ಎಲ್ಲಿಗ್ ಹೋಗ್ತೀಯೇ? ನಿಂತ್ಕೋ ಸುಮ್ನೆ. ಫ್ರೀ ಡಾಕ್ಟ್ರು ಅಂದ್ರೆ ಬೈಯ್ದೆ ಬುಡ್ತಾರಾ? ಬೈಸ್ಕೊಂಡೋರ್ಗೇ ಕನ್ನಡಕ ಕೊಡಾದು."

ಪೂರ್ವಕ್ಕೆ ಉಕ್ಕಿದ ಹಾಲು

ತೋಟದ ಮೇಲ್ತುದಿಯಲ್ಲಿ ಕ್ಯಾಬಿನ್ನು ನಿಲ್ಲಿಸಿದೆವು. ಅಲ್ಲಿಂದ ಜಮೀನು ಪೂರ್ವಕ್ಕೆ ಇಳಿಜಾರು. ಕೆಳತುದಿಯಲ್ಲಿ ಬಾವಿ, ಅದರ ಪಕ್ಕ ದೊಡ್ಡ ಹೊಂಗೆ ಮರ, ಹೊಂಗೆಯ ನೆರಳಿನಲ್ಲಿ ಇವಳ ಅಣ್ಣನ ಮನೆ. ನಮ್ಮ ತುಂಡಿನಲ್ಲಿ ಇದ್ದದ್ದು ಮೊಣಕಾಲುದ್ದದ ಎಳೇ ತೆಂಗಿನ ಸಸಿ ಮಾತ್ರ. ಹೆಂಡತಿ ಕೆಳಗಿನ ನೆರಳನ್ನು ಒಂದು ಸಲ ನೋಡಿದಳು. ಚಕ್ರಗಳಿಗೆ ಕಲ್ಲು ಕೊಟ್ಟು, ಟ್ರಾಕ್ಟರ್ ಬಿಚ್ಚಿದೆವು.

ಮಾರನೇ ದಿನ ಪೂಜೆ. ನಾನು ಇಂಥದ್ದಕ್ಕೆಲ್ಲ ವಿರೋಧಿ ಎಂದೆ. "ವಿರೋಧ ತುಮಕೂರಲ್ಲಿ ಇಟ್ಕೊಳ್ಳಿ" ಅಂದಳು ಹೆಂಡತಿ. ಆದರೆ ಅಲ್ಲೇ ಜಗಳ ಹತ್ತಿಕೊಂಡಿತು. ಇದು ಮನೆಯೋ, ಗಾಡಿಯೋ?

"ಒಳಗೆ ಒಲೆ ಹತ್ಸೋದಾದ್ರೆ ಮನೆ. ಹಾಲುಕ್ಕಿಸ್ಬೇಕು" ಅಂದಳು ಇವಳ ಚಿಕ್ಕವ್ವ.

"ಚಕ್ರ ಐತಲ್ಲವ್ವ? ನಿಂಬೆಹಣ್ಣು ತುಳಿಸ್ದೆ ಬುಟ್ರೆ ನಾನು ಜವಾಬ್ದಾರಿ ಅಲ್ಲ" ಅಂದ ಟ್ರಾಕ್ಟರ್ ಡ್ರೈವರು.

ಪೂಜೆಗೆ ಬಂದಿದ್ದ ಅಯ್ನೋರು ಎರಡೂ ಕಡೆಯವರ ಮುಖ ನೋಡಿ ತೀರ್ಪು ಕೊಟ್ಟರು. "ಎರಡೂ ಮಾಡಿದ್ರೆ ಯಾವ ದೋಷವೂ ಇಲ್ಲ."

ಹೆಂಡತಿ ಒಳಗೆ ಒಲೆಯ ಮೇಲೆ ಹಾಲಿಟ್ಟಳು. ಅಯ್ನೋರು ಪಕ್ಕದಲ್ಲಿ ಕೂತು ಮಂತ್ರ ಶುರು ಮಾಡಿದರು. ಹಾಲು ಪೂರ್ವಕ್ಕೇ ಉಕ್ಕಬೇಕಂತೆ. ಹೊರಗೆ ಡ್ರೈವರು ಚಕ್ರದ ಮುಂದೆ ನಿಂಬೆಹಣ್ಣು ಇಡಲು ಹೋದ. ನಿಂಬೆಹಣ್ಣು ಇಡಬೇಕಾದ ಜಾಗದಲ್ಲಿ ಕಲ್ಲು ಇದ್ದವು. ಕಲ್ಲು ತೆಗೆದು ನಿಂಬೆಹಣ್ಣು ಇಟ್ಟ. ಲಾರಿಯಷ್ಟು ಭಾರದ ಕ್ಯಾಬಿನ್ನನ್ನು ಇಳಿಜಾರಿನಲ್ಲಿ ನಾಲ್ಕು ನಿಂಬೆಹಣ್ಣು ಹಿಡಿದು ನಿಲ್ಲಿಸುತ್ತವೆ ಎಂದು ನಂಬುವ ಜನಕ್ಕೆ ನಾನು ಎಷ್ಟು ವರ್ಷ ಭಾಷಣ ಮಾಡಿದರೇನು?

ಆ ಹೊತ್ತಿಗೆ ನಾನು ಬೆನ್ನು ತಿರುಗಿಸಿ ನಿಂತು, ಮೂಢನಂಬಿಕೆಯ ವಿರುದ್ಧ ಚಿಕ್ಕವ್ವನಿಗೆ ಭಾಷಣ ಮಾಡುತ್ತಿದ್ದೆ. ಹಿಂದೆ ಪಚಕ್ ಎಂದಿತು. "ತುಳೀತು, ತುಳೀತು!" ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಯಾಬಿನ್ನು ನಿಂಬೆಹಣ್ಣು ತುಳಿದು, ಇನ್ನೊಂದು ಮಾರು ಮುಂದೆ ಹೋಗಿ, ಆಮೇಲೂ ಹೋಗುತ್ತಲೇ ಇತ್ತು. ಚಪ್ಪಾಳೆ ತಟ್ಟುತ್ತಿದ್ದ ಕೈಗಳು ಹಾಗೇ ನಿಂತವು.

ಮಾವನವರು ದಾರ ಹಿಡಿದು ತೆಂಗು ನೆಡಿಸಿದ್ದು ಪುಣ್ಯ. ಎರಡು ಸಾಲುಗಳ ನಡುವೆ ಕ್ಯಾಬಿನ್ನು ಗೆರೆ ಎಳೆದಂತೆ ನೇರವಾಗಿ ಇಳಿಯಿತು. ನಾನು ಹಿಂದೆ ಓಡಿದೆ. ನನ್ನ ಹಿಂದೆ ಡ್ರೈವರು, ಅವನ ಹಿಂದೆ ಅರಿಶಿನ ಕುಂಕುಮದ ತಟ್ಟೆ ಹಿಡಿದ ಚಿಕ್ಕವ್ವ. ಕಿಟಕಿಯ ಸರಳು ಹಿಡಿದು ನೇತಾಡುತ್ತಿದ್ದ ಅಯ್ನೋರ ಮುಖ ಕಾಣಿಸಿತು. ಅಂಥ ಹೊತ್ತಿನಲ್ಲೂ ಅವರು ಕೂಗಿದರು. "ಪೂರ್ವಕ್ಕೇ ಉಕ್ತು! ಪೂರ್ವಕ್ಕೇ ಉಕ್ತು!"

ಹಾಲೇನು, ಮನೆಯೇ ಪೂರ್ವಕ್ಕೆ ಹೋಗುತ್ತಿತ್ತು.

ಬಾವಿಗೆ ಇನ್ನೂ ಹತ್ತು ಮಾರು ಇರುವಾಗ ತೆಂಗಿನ ಮಟ್ಟೆಯ ದೊಡ್ಡ ಗುಡ್ಡೆಗೆ ಮೆತ್ತಗೆ ಹೂತುಕೊಂಡು ನಿಂತಿತು. ಸರಿಯಾಗಿ ಹೊಂಗೆ ಮರದ ಕೆಳಗೆ. ಇವಳ ಅಣ್ಣ, ಅಂದರೆ ನನ್ನ ಭಾವ, ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡು ಅಂಗಳದಲ್ಲಿ ನಿಂತಿದ್ದವನು ಕಡ್ಡಿ ಕಚ್ಚಿಕೊಂಡೇ ಕಲ್ಲಾಗಿದ್ದ. ಬಾಗಿಲು ತೆರೆಯಿತು. ನನ್ನ ಹೆಂಡತಿ ಸೀರೆಯ ಸೆರಗಿನಲ್ಲಿ ಹಾಲಿನ ಪಾತ್ರೆ ಹಿಡಿದು ಇಳಿದಳು. ಒಂದು ತರಚು ಗಾಯವೂ ಆಗಿರಲಿಲ್ಲ.

"ಏನವ್ವ ಇದು?" ಅಂದ ಭಾವ.

"ಗೃಹಪ್ರವೇಶ ಕಣಣ್ಣ. ಒಂಚೂರು ಹಾಲು ಉಳಿದೈತೆ. ಕುಡೀತೀಯಾ?"

ಅತ್ತಿಗೆ ಒಳಗಿನಿಂದ ಓಡಿ ಬಂದವಳು ಇವಳನ್ನು ನೋಡಿ ಗಕ್ಕನೆ ನಿಂತಳು. ಒಳಗೆ ಹೋಗಿ, ತವರಿಗೆ ಬಂದ ಹೆಣ್ಣುಮಗಳಿಗೆ ಕೊಡುವಂತೆ ಕಾಲಿಗೆ ನೀರು ತಂದುಕೊಟ್ಟಳು.

"ನೋಡಮ್ಮಿ, ಕರೀದೆ ಬರಲ್ಲ ಅಂದೋಳು ಮನೆ ಸಮೇತ ಬಂದವ್ಳೆ" ಎಂದು ಭಾವ ತನ್ನ ಹೆಂಡತಿಗೆ ಹೇಳಿ, ಬಾಯಿಂದ ಕಡ್ಡಿ ತೆಗೆದು, ಪಾತ್ರೆ ಇಸಿದುಕೊಂಡು ಹಾಲು ಕುಡಿದ. "ಇಲ್ಲೇ ಇರ್ಲಿ ಬುಡವ್ವ ಇದು. ಮ್ಯಾಲೆ ಬರೀ ಬಿಸ್ಲು."

ನಾನು ಏದುಸಿರು ಬಿಡುತ್ತ ಆಗಷ್ಟೇ ತಲುಪಿದ್ದೆ. ನನಗೆ ಒಂದು ತತ್ವ ಬೇಡವೇ? "ಇದು ನಮ್ಮ ಜಾಗ ಅಲ್ಲ! ಟ್ರಾಕ್ಟರ್ ತಂದು ಮೇಲಕ್ಕೆ ಎಳೆಸ್ತೀನಿ. ನಮಗೆ ದಾನ ಬೇಡ, ಹಕ್ಕು ಬೇಕು!" ಎಂದು ಕೂಗಿದೆ.

ಹೆಂಡತಿ ಹೊಂಗೆಯ ನೆರಳಲ್ಲಿ ಕೂತು ಕಾಲಿಗೆ ನೀರು ಹಾಕಿಕೊಳ್ಳುತ್ತಲೇ ಹೇಳಿದಳು. "ಇಷ್ಟು ವರ್ಷ ಕೂಗಿ ಕೂಗಿ ಒಂದು ಮರದ ನೆರಳು ಕೊಡ್ಸೋಕಾಗ್ಲಿಲ್ಲ ನಿಮ್ ಕೈಲಿ. ನಾನು ಹಾಲಿಟ್ಕೊಂಡು ಸುಮ್ನೆ ಕೂತಿದ್ದೆ. ನೆರಳು, ಬಾವಿ, ಅಣ್ಣ, ಅತ್ತಿಗೆ ಎಲ್ಲಾ ಸಿಕ್ರು. ಹೋಗಿ, ಚಕ್ರಕ್ಕೆ ಕಲ್ಲು ಕೊಡಿ. ದೊಡ್ಡವೇ ಕೊಡಿ."

ವರ್ಷಗಟ್ಟಲೆ ನನ್ನ ಜೊತೆ ಮಾತು ಬಿಟ್ಟಿದ್ದ ಭಾವ ಆಗ ನನ್ನ ಕಡೆ ತಿರುಗಿ ಬೇವಿನ ಕಡ್ಡಿಯಿಂದ ಹಿತ್ತಲ ಕಡೆ ತೋರಿಸಿದ.

"ಕಲ್ಲು ಹಿತ್ಲಲ್ಲಿ ಅವೆ ಭಾವ. ಹೊತ್ಕೊಂಡ್ ಬನ್ನಿ. ಒಂದೇ ಒಂದು ಷರತ್ತು... ಧಿಕ್ಕಾರ ಕೂಗ್ದೆ ಬನ್ನಿ, ಎಮ್ಮೆ ಹಾಲು ಕೊಡ್ತಾ ಐತೆ."