ಸದ್ದು ಬೇಡುವ ನಿದ್ದೆ

ನೀರಿನ ಪಾರ್ಕು ಕಟ್ಟಿಸುವವರಿಗೆ ಮನುಷ್ಯನ ಮೇಲೆ ಬಹಳ ಅಕ್ಕರೆ ಇರಬೇಕು. ಅವನನ್ನು ಎತ್ತರದಿಂದ ಜಾರಿಸಲು, ಗಿರಗಿರನೆ ತಿರುಗಿಸಲು, ತಲೆಕೆಳಗಾಗಿ ನೇತುಹಾಕಲು ಬೇಕಾದ ಏರ್ಪಾಡನ್ನೆಲ್ಲ ಮಾಡಿಟ್ಟಿರುತ್ತಾರೆ. ಮಲಗಿಸುವ ವಿಷಯಕ್ಕೆ ಬಂದರೆ ಮಾತ್ರ ಅವರ ಕೈ ಸ್ವಲ್ಪ ಬಿಗಿ. ಟಿಕೆಟ್ಟು ತೆಗೆದುಕೊಂಡು ಒಳಗೆ ಬಂದವನು ನಿದ್ದೆ ಮಾಡಲು ಜಾಗ ಕೇಳುತ್ತಾನೆಂದು ಪಾಪ ಅವರಿಗೆ ಹೊಳೆದಿರಲಿಕ್ಕಿಲ್ಲ. ಆದರೆ ಇದನ್ನು ಎರಡು ವರ್ಷದ ಮಗುವಿಗೆ ಯಾರು ತಿಳಿಸಿ ಹೇಳಬೇಕು? ಅದು ಬೆಳಗ್ಗೆ ಸಿಮೆಂಟಿನ ಆನೆಯ ಸೊಂಡಿಲಿನಿಂದ ಜಾರಿ ಕೇಕೆ ಹಾಕುತ್ತದೆ, ಮಧ್ಯಾಹ್ನ ಊಟವಾಗುತ್ತಲೇ ಅದೇ ಆನೆಯ ಕಾಲಿಗೆ ಒರಗಿ ಕಣ್ಣು ಉಜ್ಜುತ್ತದೆ. ಅಲ್ಲಿಂದ ಶುರುವಾಗುತ್ತದೆ ಹೆತ್ತವರ ಪ್ರದಕ್ಷಿಣೆ. ಹೆಗಲ ಮೇಲೆ ಮಗು, ಕಂಕುಳಲ್ಲಿ ಒದ್ದೆ ಬಟ್ಟೆಯ ಚೀಲ. ನೆರಳು ಸಿಕ್ಕಿದ ಕಡೆ ಬೆಂಚಿಲ್ಲ, ಬೆಂಚು ಸಿಕ್ಕಿದ ಕಡೆ ಅದರ ಮೇಲೆ ಯಾರದೋ ಬನಿಯನ್ನು ಒಣಗುತ್ತಿರುತ್ತದೆ.

ಇದು ಎಲ್ಲರ ಕಷ್ಟ. ನಮ್ಮ ಕಷ್ಟ ಇದಕ್ಕಿಂತ ಒಂದು ಸುತ್ತು ಹೆಚ್ಚಿನದು. ಕೆ.ಆರ್. ಪೇಟೆಯಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದು ಗೋಡೆ. ಆ ಗೋಡೆ ಹಿಟ್ಟನ್ನು ಅಷ್ಟಿಷ್ಟು ತಡೆಯುತ್ತದೆ, ಸದ್ದನ್ನು ಎಳ್ಳಷ್ಟೂ ತಡೆಯುವುದಿಲ್ಲ. ಈ ಸದ್ದಿನಲ್ಲಿ ಬದುಕಿದವರ ಗಂಟಲು ತಾನಾಗಿ ದೊಡ್ಡದಾಗುತ್ತದೆ. ನಾನು ಹೆಂಡತಿಯನ್ನು ಉಪ್ಪು ಕೇಳಿದರೂ ಬೀದಿಯವರು ಜಗಳ ಹತ್ತಿತೆಂದು ಕಿಟಕಿ ತೆರೆಯುತ್ತಾರೆ. ಇಂಥ ಮನೆಯಲ್ಲಿ ಹುಟ್ಟಿದವಳು ನಮ್ಮ ಮಗಳು ಮನ್ವಿ. ಮಧ್ಯಾಹ್ನದ ಹೊತ್ತು ಗಿರಣಿ ರಾಗಿ ಬೀಸುತ್ತಿದ್ದರೆ ಆರಾಮವಾಗಿ ಮಲಗಿರುತ್ತಾಳೆ. ಕರೆಂಟು ಹೋಗಿ ಮೋಟಾರು ನಿಂತಿತೋ, ಕಿಟಾರನೆ ಕಿರುಚಿಕೊಂಡು ಏಳುತ್ತಾಳೆ. ಇದನ್ನು ಮೊದಲು ಕಂಡುಹಿಡಿದವನು ನಾನೇ. ಊಟವಾದ ಮೇಲೆ ಗಿರಣಿಯನ್ನು ನನ್ನ ಹೆಂಡತಿ ಸವಿತಾಳಿಗೆ ಒಪ್ಪಿಸಿ ನಾನೂ ಮಗಳ ಪಕ್ಕದಲ್ಲಿ ತುಸು ಅಡ್ಡಾಗುತ್ತೇನೆ, ಮಗುವಿಗೆ ಜೊತೆಗಿರಲಿ ಎಂದು. ಹಾಗಾಗಿ ಈ ವಿಷಯವನ್ನು ಹತ್ತಿರದಿಂದ ಅಭ್ಯಾಸ ಮಾಡುವ ಅವಕಾಶ ನನಗೆ ಸಿಕ್ಕಿತ್ತು. ನಾಗಮಂಗಲದ ಹತ್ತಿರ ಸವಿತಾಳ ತವರಿಗೆ ಹೋದಾಗಲೂ ಹೀಗೇ ಆಯಿತು. ಊರಾಚೆಯ ತೋಟದ ಮನೆ, ಎಲೆ ಬಿದ್ದರೂ ಕೇಳುವಂಥ ಮೌನ. ಮಗು ಮೂರು ದಿನ ಮಧ್ಯಾಹ್ನ ನೆಟ್ಟಗೆ ಮಲಗಲಿಲ್ಲ. ನಮ್ಮ ಅತ್ತೆ ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ದೃಷ್ಟಿಯೂ ಇಲ್ಲ ಗಿಷ್ಟಿಯೂ ಇಲ್ಲ, ಈ ಮಗುವಿಗೆ ಬೇಕಾದದ್ದು ಹತ್ತು ಎಚ್‌ಪಿ ಮೋಟಾರು ಎಂದು ನಾನು ಹೇಳಿದೆ. ಗಿರಣಿಗೆ ಬರುವ ಗಿರಾಕಿಗಳಿಗೂ ಇದನ್ನು ವಿವರಿಸುವುದುಂಟು. ಅವರು ಡಬ್ಬ ಹಿಡಿದುಕೊಂಡು ತಲೆದೂಗುತ್ತಾರೆ.

ಇದರಲ್ಲಿ ಸಿಕ್ಕಿಹಾಕಿಕೊಂಡವಳು ಸವಿತಾ. ಮಗಳು ಬೇರೆಲ್ಲೂ ಮಲಗುವುದಿಲ್ಲವೆಂದ ಮೇಲೆ ಅವಳು ಬೇರೆಲ್ಲಿಗೆ ಹೋದಾಳು? ಮದುವೆ, ಬೀಗರೂಟ, ತವರು ಎಲ್ಲ ಒಂದೊಂದಾಗಿ ನಿಂತವು. ಗಿರಣಿ, ಮಗು, ಅಡುಗೆ, ನಾನು, ಮತ್ತೆ ಗಿರಣಿ. ಅವಳು ದೂರುವವಳಲ್ಲ. ಒಂದು ದಿನ ಮಾತ್ರ ಫೋನಿನಲ್ಲಿ ಏನನ್ನೋ ನೋಡುತ್ತಾ ಕೂತವಳು, ತಲೆ ಎತ್ತದೆ ಹೇಳಿದಳು: “ನಾನು ಸಮುದ್ರ ನೋಡಿಲ್ಲ ಕಣ್ರೀ. ಶ್ರೀರಂಗಪಟ್ಣದ ಆಚೆ ಪಾರ್ಕಲ್ಲಿ ಅಲೆ ಒಡೆಯೋ ಕೊಳ ಅದೆಯಂತೆ. ಅದ್ರೊಳಗೆ ಒಂದ್ ಗಂಟೆ ಸುಮ್ಕೆ ನಿಂತ್ಕಬೇಕು. ಆ ಒಂದ್ ಗಂಟೆ ನನ್ನ ಯಾರೂ ಕರೀಬಾರ್ದು. ಮಗೀನೂ ಕರೀಬಾರ್ದು, ನೀವೂ ಕರೀಬಾರ್ದು.” ಚಿನ್ನ ಕೇಳಿದ್ದರೆ ಹೇಗೋ ಮಾತು ತೇಲಿಸುತ್ತಿದ್ದೆ. ಇದನ್ನು ಕೇಳಿ ನನಗೆ ನಿಜವಾಗಿಯೂ ಸಂಕಟವಾಯಿತು. ಒಂದು ಗಂಟೆಯನ್ನೂ ಕೇಳಿ ಪಡೆಯುವ ಹಾಗೆ ಆಗಿಹೋಯಿತಲ್ಲ ಇವಳ ಬಾಳು ಎನ್ನಿಸಿತು. ಮುಂದಿನ ಮಂಗಳವಾರವೇ ಗಿರಣಿಗೆ ರಜ ಎಂದು ಬೋರ್ಡು ಬರೆದೆ. ಒಂದು ಗಂಟೆ ನಿನಗೆ ಕೊಡಿಸಿಯೇ ತೀರುತ್ತೇನೆ ಎಂದು ಮಾತೂ ಕೊಟ್ಟೆ. ಮಾತು ಕೊಡುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವನಲ್ಲ.

ಬೆಳಗಿನ ಬಸ್ಸು ಹಿಡಿದು ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದು, ಅಲ್ಲಿಂದ ಆಟೋದಲ್ಲಿ ಪಾರ್ಕು ಸೇರಿದೆವು. ವಾರದ ನಡುವಾದ್ದರಿಂದ ಜನ ಕಡಿಮೆ ಇದ್ದರು. ಊಟದ ತನಕ ಎಲ್ಲವೂ ಸುಸೂತ್ರ. ಸವಿತಾ ಎರಡು ಮೂರು ಸಲ ಅಲೆಯ ಕೊಳದ ಕಡೆ ನೋಡಿದಳು. ಅಲೆ ಏಳುವ ಮುಂಚೆ ಅಲ್ಲೊಂದು ಸೈರನ್ನು ಕೂಗುತ್ತದೆ. ಅದು ಕೂಗಿದಾಗಲೆಲ್ಲ ಅವಳ ಕತ್ತು ಆ ಕಡೆ ತಿರುಗುತ್ತಿತ್ತು, ಆದರೆ ಮಗಳು ಅಮ್ಮನ ಸೆರಗು ಬಿಡುತ್ತಿರಲಿಲ್ಲ. ಮಗು ಮಲಗಿದರೆ ಆ ಒಂದು ಗಂಟೆ ಉಂಟು, ಇಲ್ಲದಿದ್ದರೆ ಇಲ್ಲ. ಅನ್ನ ಸಾರು ಮುಗಿಸಿ ಮನ್ವಿ ಕಣ್ಣು ಉಜ್ಜಿದಾಗ ನಾವು ಗಂಡಹೆಂಡಿರು ಮುಖ ಮುಖ ನೋಡಿಕೊಂಡೆವು.

ಆ ಪಾರ್ಕಿನವರ ಬಗ್ಗೆ ಸುಳ್ಳು ಹೇಳಬಾರದು. ಅವರು ತಾಯಿ ಮಗುವಿಗೆಂದು ಒಂದು ಕೋಣೆ ಇಟ್ಟಿದ್ದರು. ತಣ್ಣನೆಯ ಗಾಳಿ, ಗೋಡೆಯ ಮೇಲೆ ಮೀನಿನ ಚಿತ್ರ, ಮೆತ್ತನೆಯ ಹಾಸಿಗೆಗಳ ಮೇಲೆ ಐದಾರು ಮಕ್ಕಳು ಆಗಲೇ ನಿದ್ದೆ ಹೋಗಿದ್ದವು. ಬಾಗಿಲಲ್ಲಿದ್ದ ಹೆಂಗಸು ತುಟಿಯ ಮೇಲೆ ಬೆರಳಿಟ್ಟು ನಮ್ಮನ್ನು ಒಳಗೆ ಬಿಟ್ಟರು. ಒಳಗೆ ಕಾಲಿಟ್ಟ ಕೂಡಲೇ ನನಗೆ ಕಿವಿ ಕಟ್ಟಿದಂತಾಯಿತು. ಅಂಥ ನಿಶ್ಶಬ್ದ. ಮನ್ವಿ ಅಂಗಾತ ಮಲಗಿ ಸೂರು ನೋಡತೊಡಗಿದಳು. ನಾನು ಬೆನ್ನು ತಟ್ಟಿದೆ, ಜೋಗುಳದಂಥದ್ದೇನೋ ಗೊಣಗಿದೆ. “ಸಾರ್, ಮೆಲ್ಲಗೆ” ಅಂದರು ಆ ಹೆಂಗಸು. ನಾನು ಮೆಲ್ಲಗೇ ಹಾಡುತ್ತಿದ್ದೆ. ಆದರೆ ಗಿರಣಿಯವರ ಮೆಲ್ಲಗೆಯೇ ಬೇರೆ. “ನೋಡಿದ್ಯಾ ಸವಿತಾ, ಸದ್ದಿಲ್ಲ, ಅದಕ್ಕೇ ಮಲಗ್ತಾ ಇಲ್ಲ” ಎಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದೆ. ಮೂಲೆಯಲ್ಲಿದ್ದ ಕೂಸೊಂದು ಬೆಚ್ಚಿ ಅತ್ತಿತು, ಅದನ್ನು ಕಂಡು ಮನ್ವಿ ಅತ್ತಳು, ಆಮೇಲೆ ಯಾರು ಯಾರನ್ನು ಎಬ್ಬಿಸಿದರೆಂದು ಲೆಕ್ಕ ಇಡಲಾಗಲಿಲ್ಲ. ಐದಾರು ತಾಯಂದಿರು ಒಟ್ಟಿಗೆ ನನ್ನನ್ನು ನೋಡಿದರು. ಬಾಗಿಲಿನ ಹೆಂಗಸು ಬಹಳ ಮರ್ಯಾದೆಯಿಂದಲೇ ನಮ್ಮ ಚಪ್ಪಲಿ ತೋರಿಸಿದರು.

ಈಗ ಸದ್ದು ಹುಡುಕುವುದೊಂದೇ ದಾರಿ ಎಂದು ನಾನು ತೀರ್ಮಾನಿಸಿದೆ. ಪಾರ್ಕಿನಲ್ಲಿ ಸದ್ದಿಗೇನು ಬರ ಎಂದು ನೀವು ಕೇಳಬಹುದು. ಸದ್ದುಗಳಲ್ಲಿ ಜಾತಿ ಬಹಳ ಸ್ವಾಮಿ. ಮಳೆಯಲ್ಲಿ ಕುಣಿಯುವ ಅಂಗಳದ ಬಳಿ ಹಾಡು ಎದೆ ನಡುಗಿಸುವ ಹಾಗಿತ್ತು, ಆದರೆ ಒಂದು ಹಾಡಿಗೂ ಇನ್ನೊಂದಕ್ಕೂ ನಡುವೆ ಬಿಡುವು ಬರುತ್ತಿತ್ತು. ನಿದ್ದೆಗೆ ಬಿಡುವು ಆಗದು. ಎತ್ತರದ ಜಾರುಬಂಡಿಯ ಕೆಳಗೆ ಕಿರುಚಾಟವೇನೋ ಧಾರಾಳವಾಗಿತ್ತು, ಆದರೆ ಅದು ಒಬ್ಬೊಬ್ಬರದು ಒಂದೊಂದು ಶ್ರುತಿ. ಪುಟ್ಟ ರೈಲಿನ ಬಳಿ ಹೋದರೆ ಅದು ಬ್ಯಾಟರಿಯದು, ಸದ್ದೇ ಇಲ್ಲ. ನಾನು ಪ್ರತಿ ಕಡೆಯೂ ನಿಂತು, ಕಿವಿಗೊಟ್ಟು, ತಲೆ ಅಲ್ಲಾಡಿಸಿ ಮುಂದೆ ಹೋಗುತ್ತಿದ್ದೆ. ಸವಿತಾ ಮಗುವನ್ನು ಹೆಗಲು ಬದಲಿಸಿಕೊಳ್ಳುತ್ತಾ ಹಿಂದೆ ಬರುತ್ತಿದ್ದಳು. ಮತ್ತೆ ಸೈರನ್ನು ಕೂಗಿತು. ಈ ಸಲ ಅವಳು ತಿರುಗಿ ನೋಡಲಿಲ್ಲ. ಅದು ನನಗೆ ಚುಚ್ಚಿತು.

ಆ ಸೈರನ್ನಿನ ಬೆನ್ನಿಗೇ ಇನ್ನೊಂದು ಸದ್ದು ನನಗೆ ಕೇಳಿಸಿತು. ಅಲೆಯ ಕೊಳದ ಹಿಂದಿನ ಗೋಡೆಯಾಚೆ ಗುಂಯ್ ಎಂದು ಒಂದೇ ಸಮನೆ ನಡುಗುವ ಸದ್ದು. ಅಪ್ಪಟ ರಾಗಿ ಬೀಸುವ ಶ್ರುತಿ! ಕಾಲು ತಾನಾಗಿ ಅತ್ತ ನಡೆಯಿತು. ಅದು ಮೋಟಾರು ಮನೆ. ಯಂತ್ರವೆಲ್ಲ ಜಾಲರಿಯ ಆಚೆ, ಈಚೆಗೊಂದು ಕೋಣೆ. ಅಲ್ಲಿ ಚಾಪೆ ಹಾಸಿಕೊಂಡು ಕೂತಿದ್ದವನು ಚಲುವರಾಜು, ತೊಣ್ಣೂರಿನವನು, ನನ್ನ ವಯಸ್ಸಿನವನೇ, ಮೋಟಾರು ನೋಡಿಕೊಳ್ಳುವುದು ಅವನ ಕೆಲಸ. ಮಗುವನ್ನು ಇಲ್ಲಿ ಮಲಗಿಸಬಹುದೇ ಎಂದು ಕೇಳಿದೆ.

“ಇಲ್ಲೇನಾ? ಈ ಸದ್ದೊಳ್ಗಾ? ತಲೆ ನೆಟ್ಟಗದಾ ಸಾಮಿ?” ಎಂದು ಕೂಗಿದ.

“ನಮ್ದು ಗಿರಣಿ ಕಣಣ್ಣ!” ಎಂದು ನಾನೂ ಕೂಗಿದೆ.

“ಅಂಗೇಳಿ ಮತ್ತೆ! ನೀವೂ ಮೋಟ್ರು ನಂಬ್ಕಂಡೋರು. ಬನ್ನಿ, ಬನ್ನಿ, ಮನಗ್ಸಿ” ಎಂದು ಚಾಪೆ ಬಿಟ್ಟುಕೊಟ್ಟ. ಆ ದಿನ ಪಾರ್ಕಿನಲ್ಲಿ ನನ್ನ ಗಂಟಲಿಗೆ ಬೆಲೆ ಕೊಟ್ಟವನು ಅವನೊಬ್ಬನೇ.

ಮನ್ವಿ ಚಾಪೆಯ ಮೇಲೆ ಎರಡು ಸಲ ಹೊರಳಿ ಕಣ್ಣು ಮುಚ್ಚಿದಳು. ನಾನು ಗೆದ್ದವನಂತೆ ಸವಿತಾಳ ಕಡೆ ನೋಡಿದೆ. ಹೋಗು ಎಂದು ಕೈಸನ್ನೆ ಮಾಡಿದೆ. ಅವಳು ಬಾಗಿಲ ತನಕ ಹಿಂದಡಿ ಇಡುತ್ತಾ ಹೋದಳು, ಹೊಸ್ತಿಲು ದಾಟಿದ ಮೇಲೆ ಓಡಿದಳು. ಮದುವೆಯಾದಾಗಿನಿಂದ ಅವಳು ಓಡಿದ್ದನ್ನು ನಾನು ನೋಡಿರಲಿಲ್ಲ. ಹಾಲು ಉಕ್ಕಿದಾಗ ಓಡುತ್ತಾಳೆ, ಅದು ಬೇರೆ.

ಸ್ವಲ್ಪ ಹೊತ್ತಾಗಿರಬೇಕು, ಚಲುವರಾಜು ಎದ್ದು ಸ್ವಿಚ್ಚಿನ ಕಡೆ ನಡೆದ. ನಾನು ಹಾರಿಬಂದು ಅವನ ಕೈ ಹಿಡಿದೆ. ಆಗ ತಿಳಿಯಿತು, ಈ ಮೋಟಾರೇ ಅಲೆ ಎಬ್ಬಿಸುವುದು. ಒಂದಷ್ಟು ಹೊತ್ತು ಅಲೆ, ಒಂದಷ್ಟು ಹೊತ್ತು ಬಿಡುವು, ಅದು ಅಲ್ಲಿನ ಪದ್ಧತಿ. “ಅಣ್ಣಾ, ನಿಲ್ಲಿಸಬೇಡ! ಇದು ನಿಂತರೆ ಮಗು ಏಳುತ್ತೆ. ಮಗು ಎದ್ದರೆ ನನ್ನ ಹೆಂಡತಿ ಬರಬೇಕಾಗುತ್ತೆ. ಅವಳು ಒಂದು ಗಂಟೆ ಕೇಳಿದ್ದಾಳೆ, ಅದೊಂದನ್ನೇ ಕೇಳಿದ್ದಾಳೆ” ಅಂದೆ.

“ಅಲ್ಲ ಸಾಮಿ, ಕೊಳದಲ್ಲಿರೋರ್ಗೆ ಸುಸ್ತಾಗಕಿಲ್ವಾ?”

“ಸುಸ್ತಾದವರು ಮೇಲೆ ಹೋಗಲಿ.”

ಅವನು ಕಿಂಡಿಯಲ್ಲಿ ಇಣುಕಿ ನೋಡಿದ. “ಜನ ಅಂಗೇನೂ ಇಲ್ಲ ಬುಡಿ. ಕಟ್ಕಂಡೋಳು ಬಾಯ್ ಬುಟ್ಟು ಕೇಳವ್ಳೆ ಅಂತೀರಿ. ಇನ್ನೊಸಿ ಹೊತ್ತು ಓಡ್ಲಿ” ಎಂದು ವಾಪಸು ಬಂದು ಕೂತ. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮಗಳ ಬೆನ್ನ ಮೇಲೆ ಕೈಯಿಟ್ಟು, ಇನ್ನು ಏನೇ ಬಂದರೂ ಈ ನಿದ್ದೆ ಕಾಯುವುದು ನನ್ನ ಜವಾಬ್ದಾರಿ ಎಂದು ಪಕ್ಕದಲ್ಲಿ ತುಸು ಅಡ್ಡಾದೆ.

ಇದ್ದಕ್ಕಿದ್ದಂತೆ ಸದ್ದು ನಿಂತಿತು. “ಕರೆಂಟ್ ಹೋಯ್ತು! ರಾಗಿ ಬೀಳ್ತಾ ಅದೆ, ಹಾಪರ್ ಬಾಯಿ ಮುಚ್ಚು ಸವಿತಾ!” ಎಂದು ಯಾರೋ ಅರಚಿದರು. ಅರಚಿದವನು ನಾನೇ. ಎದ್ದು ನಿಂತಿದ್ದೆ. ಪಕ್ಕದಲ್ಲಿ ಮಗು ಇರಲಿಲ್ಲ. ನೋಡಿದರೆ ಮನ್ವಿ ಚಲುವರಾಜುವಿನ ತೊಡೆಯ ಮೇಲೆ ಬಾಳೆಹಣ್ಣು ಹಿಡಿದು ಕೂತಿದ್ದಾಳೆ. ನನ್ನ ಕೂಗಿಗೆ ಬೆದರಿ ಅವಳ ತುಟಿ ವಕ್ರವಾಯಿತು, ಬಾಳೆಹಣ್ಣು ಕೆಳಗೆ ಬಿತ್ತು, ಕಿಟಾರನೆ ಅಳು ಹತ್ತಿತು. ಅದೇ ಅಳು, ಮನೆಯಲ್ಲಿ ದಿನಾ ಕೇಳುವಂಥದ್ದೇ.

“ಮಗು ಆಗ್ಲೇ ಎದ್ದದೆ ಸಾಮಿ” ಅಂದ ಚಲುವರಾಜು. “ಮೋಟ್ರು ಸದ್ದಿಗೇ ಎದ್ಬುಡ್ತು. ನೀವೇ ಗೊರಕೆ ಒಡೀತಿದ್ರಿ. ಸ್ವಿಚ್ ಆಫ್ ಮಾಡ್ದೆ, ಸದ್ದು ಒಸಿ ತಗ್ತು, ನೀವು ನಿದ್ದೇಲೇ ಗುರ್ ಅಂದ್ರಿ. ನಿಮ್ಗೆ ಎಚ್ಚರಾಗ್ಬುಡ್ತದೆ ಅಂತ ತಿರ್ಗಾ ಹಾಕ್ಬುಟ್ಟೆ.”

ಬಾಗಿಲಲ್ಲಿ ಸವಿತಾ ನಿಂತಿದ್ದಳು. ತಲೆಯಿಂದ ನೀರು ಸುರಿಯುತ್ತಿತ್ತು, ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಮೋಟಾರು ನಿಲ್ಲಿಸಲು ಹೇಳಿದವಳು ಅವಳೇ ಅಂತೆ. ಅಲೆ ನಿಲ್ಲಲೇ ಇಲ್ಲವಂತೆ. ಮೊದಮೊದಲು ಎಲ್ಲರೂ ಕೇಕೆ ಹಾಕಿದರಂತೆ, ಆಮೇಲೆ ಒಬ್ಬೊಬ್ಬರಾಗಿ ಸೊಂಟ ಹಿಡಿದುಕೊಂಡು ಮೇಲೆ ಹೋದರಂತೆ, ಕೊನೆಗೆ ಅಷ್ಟು ದೊಡ್ಡ ಕೊಳದಲ್ಲಿ ಅವಳೊಬ್ಬಳೇ ಉಳಿದಳಂತೆ. “ಒಂದ್ ಗಂಟೆಗಿಂತ ಜಾಸ್ತೀನೇ ಆಯ್ತು. ಎಷ್ಟ್ ಚೆನ್ನಾಗಿತ್ತು ಗೊತ್ತಾ?” ಎಂದಳು. ಅವಳ ಮುಖ ನೋಡಿ ನನಗೆ ಹೇಳಲಾಗದಷ್ಟು ಸಂತೋಷವಾಯಿತು. ಆದರೆ ಆ ಮುಖ ನಿಧಾನವಾಗಿ ಬೇರೊಂದು ಬಣ್ಣಕ್ಕೆ ತಿರುಗತೊಡಗಿತು. ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡುತ್ತಾ ಅವಳು ಏನನ್ನೋ ಲೆಕ್ಕ ಹಾಕುತ್ತಿದ್ದಳು.

ಆ ಲೆಕ್ಕ ಹೊರಗೆ ಬಂದದ್ದು ಸಂಜೆ ಬಸ್ಸಿನಲ್ಲಿ. “ನಾನು ಮುಂದ್ಗಡೆ ಗಿರಣೀಲಿರ್ತೀನಿ. ಒಳಗೇನಾಯ್ತದೆ ಅಂತ ನಂಗೆಂಗೆ ಗೊತ್ತಾಗ್ಬೇಕು? ಕರೆಂಟ್ ಹೋದಾಗ ಮೊದ್ಲು ಕೇಳೋದು ನಿಮ್ಮ ಕೂಗು. ಮಗೀನ ಅಳು ಆಮೇಲೆ. ನಮ್ಮವ್ವನ ಮನೇಲೂ ನೀವೇ ಅಲ್ವಾ ಮದ್ಯಾನ್ವೆಲ್ಲ ಒದ್ದಾಡಿ, ಮಗೂಗೆ ನಿದ್ದೆ ಬರ್ಲಿಲ್ಲ ಮಗೂಗೆ ನಿದ್ದೆ ಬರ್ಲಿಲ್ಲ ಅಂತ ಮಗೀನ ಎಬ್ಬಿಸ್ಕಂಡು ಕೂತಿದ್ದು? ನಮ್ಮವ್ವ ದೃಷ್ಟಿ ತೆಗೀಬೇಕಾಗಿದ್ದಿದ್ದು ನಿಮ್ಗೆ.” ಮನ್ವಿ ಅವಳ ಮಡಿಲಲ್ಲಿ ಕೂತು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಿದ್ದಳು. ಅಷ್ಟು ಸದ್ದಿನ ಬಸ್ಸಿನಲ್ಲಿ ಅವಳ ಕಣ್ಣು ಬಟ್ಟಲಂತೆ ತೆರೆದಿತ್ತು. ಎರಡು ವರ್ಷದಿಂದ ಕೆ.ಆರ್. ಪೇಟೆಯ ಅರ್ಧ ಜನಕ್ಕೆ ನಾನು ವಿವರಿಸಿದ್ದ ಸಿದ್ಧಾಂತ ಹೀಗೆ ನನ್ನ ಕಣ್ಣೆದುರೇ ಎಚ್ಚರವಾಗಿ ಕೂತಿತ್ತು.

“ಮುಂದಿನ ತಿಂಗ್ಳು ನಾನೂ ಮಗ್ಳೂ ನಮ್ಮವ್ವನ ಮನೆಗೆ ಹೋಯ್ತೀವಿ, ಎಂಟ್ ದಿನ ಇದ್ದು ಬರ್ತೀವಿ” ಎಂದಳು ಸವಿತಾ. ಕೇಳುವ ದನಿ ಅದಲ್ಲ, ತಿಳಿಸುವ ದನಿ.

“ಮತ್ತೆ ನಾನು?”

“ನಿಮ್ಗೇನ್ರೀ? ಮೋಟ್ರು ಹಾಕ್ಬುಟ್ಟೇ ಹೋಯ್ತೀನಿ.”

ಖಾಲಿ ಗಿರಣಿ ಓಡಿಸಿದರೆ ಕಲ್ಲು ಸವೆದುಹೋಗುತ್ತದೆ ಎಂದು ಹೇಳಲು ನನ್ನ ಬಳಿ ಮಾತು ತಯಾರಿತ್ತು. ಇನ್ನೂ ಕೆಲವು ಒಳ್ಳೆಯ ಉತ್ತರಗಳೂ ಇದ್ದವು. ಆದರೆ ನನ್ನದು ಎಂಜಿನ್ನಿನ ಪಕ್ಕದ ಸೀಟು. ಪಾಂಡವಪುರ ದಾಟಿದ ಮೇಲೆ ರಸ್ತೆ ಖಾಲಿಯಾಗಿ ಡ್ರೈವರು ಬಸ್ಸನ್ನು ಒಂದೇ ಸಮನೆ ಬಿಟ್ಟ. ಆಮೇಲೆ ಯಾರು ಏನು ಮಾತಾಡಿದರೋ ನನಗೆ ತಿಳಿಯದು. ಬಸ್ಸು ನಿಂತಿತು, ನಾನು ಕೂಗಿಕೊಂಡು ಎದ್ದೆ. ಕೆ.ಆರ್. ಪೇಟೆ ಬಂದಿತ್ತು, ಬಸ್ಸಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು, ನನ್ನ ಮಗಳನ್ನೂ ಸೇರಿಸಿ.