ನರಸಮ್ಮನವರ ನಿಖರ ಸ್ಥಾನ

ಬಸವೇಶ್ವರನಗರದಲ್ಲಿ ಯಾರು ಎಲ್ಲಿದ್ದಾರೆ ಎಂಬ ಪ್ರಶ್ನೆಗೆ ಕಳೆದ ಯುಗಾದಿಯಿಂದ ಅಧಿಕೃತ ಉತ್ತರವಿದೆ. ಅದಕ್ಕೂ ಮೊದಲು ಈ ಭಾಗದ ಜನ, ಫೋನಿನಲ್ಲಿ "ಎಲ್ಲಿದೀಯಾ?" ಎಂದು ಕೇಳಿದರೆ, ವಿಜಯನಗರದ ಸಿಗ್ನಲ್ಲಿನಲ್ಲಿ ನಿಂತುಕೊಂಡೇ "ಇಲ್ಲೇ, ನಿಮ್ಮನೆ ಗೇಟ್ ಹತ್ರ" ಎನ್ನುತ್ತಿದ್ದರು. ಇಂಥ ಅಂದಾಜಿನ ಬದುಕನ್ನು ಕೊನೆಗಾಣಿಸಲೆಂದೇ ನಗರ ಸ್ಥಾನ ನಿಖರತಾ ಪ್ರಾಧಿಕಾರ ಸ್ಥಾಪನೆಯಾಯಿತು. ಅದರಲ್ಲಿ ನಾನು ದ್ವಿತೀಯ ದರ್ಜೆ ಸಹಾಯಕ.

ಪ್ರಾಧಿಕಾರವು ಪ್ರತಿ ಅಡ್ಡರಸ್ತೆಯ ಕಂಬಕ್ಕೂ ಚಪಾತಿ ಮಣೆಯಷ್ಟು ಅಗಲದ ಹಲಗೆಯೊಂದನ್ನು ಬಿಗಿಸಿತು. ಒಂದೊಂದರಲ್ಲೂ ಅರವತ್ತನಾಲ್ಕು ಪುಟ್ಟ ಆಂಟೆನಾಗಳು. ಫೋನು ಹೊರಡಿಸುವ ಮಿಲಿಮೀಟರ್ ಅಲೆ ಯಾವ ದಿಕ್ಕಿನಿಂದ, ಎಷ್ಟು ದೂರದಿಂದ ಬಂತೆಂದು ಇವು ಕೂಡಿ ಲೆಕ್ಕ ಹಾಕಿ, ಫೋನಿರುವ ಜಾಗವನ್ನು ಒಂದು ಗೇಣಿನೊಳಗೆ ಹೇಳುತ್ತವೆ. ಈ ಅಲೆಗಳು ಗೋಡೆ ದಾಟುವುದಿಲ್ಲ, ಸ್ಟೀಲೋ ಗಾಜೋ ಸಿಕ್ಕರೆ ಪುಟಿದು ಬೇರೆ ಕಡೆ ಹೋಗುತ್ತವೆ ಎಂದು ಎಂಜಿನಿಯರ್ ಶಶಿಕುಮಾರ್ ಕಡತದಲ್ಲಿ ಬರೆದರು. ನಿರ್ದೇಶಕಿ ಶೋಭಾರಾಣಿಯವರು ಅದರ ಕೆಳಗೆ ಹಸಿರು ಇಂಕಿನಲ್ಲಿ "ನೋಡಿದೆ" ಎಂದು ಸಹಿ ಮಾಡಿದ್ದರಿಂದ ಆ ಸಮಸ್ಯೆ ಬಗೆಹರಿಯಿತು.

ನಿಯಮ ನಾಲ್ಕು ಸರಳವಾಗಿದೆ: "ಫೋನು ಇರುವಲ್ಲಿ ವ್ಯಕ್ತಿ ಇರತಕ್ಕದ್ದು. ಫೋನು ದಿನಕ್ಕೆ ಹದಿನಾರು ಗಂಟೆ ಮೀರಿ ಇರುವ ಜಾಗವೇ ಆತನ ಅಥವಾ ಆಕೆಯ ಮನೆ."

ಹೀಗಿರಲು, ಇನ್ನೂರ ಹನ್ನೆರಡನೇ ನಂಬರಿನ ಮನೆಯ ನರಸಮ್ಮನವರು, ವಯಸ್ಸು ಎಪ್ಪತ್ತೊಂದು, ರಾಜಕಾಲುವೆಯ ನಟ್ಟನಡುವೆ, ನೀರಿನಿಂದ ಎರಡಡಿ ಮೇಲೆ ವಾಸವಾಗಿರುವುದು ಪತ್ತೆಯಾಯಿತು. ಒತ್ತುವರಿಯನ್ನು ಏಳು ದಿನದೊಳಗೆ ಕೆಡವಲಾಗುವುದೆಂದು ನೋಟಿಸು ಹೋಯಿತು. ಅದನ್ನು ಟೈಪು ಮಾಡಿದವನು ನಾನೇ.

ಮರುದಿನ ನರಸಮ್ಮನವರು ಕ್ರಯಪತ್ರ, ಕಂದಾಯದ ರಸೀದಿ, ಗಂಡ ಕಟ್ಟಿಸಿದಾಗಿನ ಮನೆಯ ನಕ್ಷೆ ಎಲ್ಲವನ್ನೂ ಬಟ್ಟೆ ಚೀಲದಲ್ಲಿ ತುಂಬಿಕೊಂಡು ಕಚೇರಿಗೆ ಬಂದರು.

"ಇದೆಲ್ಲ ಪೇಪರ್ ಅಮ್ಮ. ಪೇಪರ್‌ಗೆ ನಿಖರತೆ ಇರಲ್ಲ" ಎಂದರು ನಿರ್ದೇಶಕಿ.

"ಕಾಲುವೇಲಿ ಯಾರಾದ್ರೂ ಇರಕ್ಕಾಗತ್ತೇನಮ್ಮಾ? ನೋಡಿ, ನಾನಿಲ್ಲೇ ನಿಮ್ ಮುಂದೆ ನಿಂತಿದೀನಲ್ಲ."

"ಫೋನ್ ತಂದಿದೀರಾ?"

"ಇಲ್ಲ, ಮನೇಲೇ ಇದೆ."

"ಹಾಗಾದ್ರೆ ನೀವಿಲ್ಲಿ ಇಲ್ಲ. ಇಲ್ಲದೋರ ಅರ್ಜಿ ತಗೊಳ್ಳಕ್ಕೆ ಬರಲ್ಲ."

ನರಸಮ್ಮನವರು ಬೆಂಚಿನ ಮೇಲೆ ಕೂತು ಅತ್ತರು. ಇಲ್ಲದ ಮಹಿಳೆಗೆ ನಾನು ಒಂದು ಲೋಟ ನೀರು ಕೊಟ್ಟೆ. ಇದು ನಿಯಮಬಾಹಿರವೆಂದು ಒಪ್ಪಿಕೊಳ್ಳುತ್ತೇನೆ.

ಮನಸ್ಸು ತಡೆಯದೆ ಶಶಿಕುಮಾರ್ ಸ್ಥಳ ಪರಿಶೀಲನೆಗೆ ಹೊರಟರು, ನಾನೂ ಹೋದೆ. ಮನೆ ನಲವತ್ತು ವರ್ಷದಿಂದ ನಿಂತಲ್ಲೇ ನಿಂತಿತ್ತು. ಫೋನು ಮಾತ್ರ ಅಡುಗೆಮನೆಯ ಕಿಟಕಿಯಲ್ಲಿ, ಒಂದು ಸ್ಟೀಲು ಚೊಂಬಿನೊಳಗಿತ್ತು.

"ಚೊಂಬಲ್ಲಿ ಯಾಕಮ್ಮಾ?"

"ಅದ್ರಲ್ಲಿಟ್ರೆ ಸುಪ್ರಭಾತ ಜೋರಾಗಿ ಕೇಳತ್ತಪ್ಪ. ಮಹಡಿ ಮೇಲಿದ್ರೂ ರಿಂಗ್ ಗೊತ್ತಾಗತ್ತೆ."

ಮೇಲಿನ ಪೋರ್ಷನ್ನಿನಲ್ಲಿ ಬಾಡಿಗೆಗಿರುವ, ಊಟದ ಪೊಟ್ಟಣ ತಲುಪಿಸುವ ಬಾಗಲಕೋಟೆ ಕಡೆಯ ರುದ್ರೇಶ ಮೆಟ್ಟಿಲ ಮೇಲಿಂದಲೇ ಸಾಕ್ಷಿ ಹೇಳಿದ: "ಹೌದ್ರೀ ಸರ. ಆ ಚೊಂಬಿನ್ಯಾಗ ಹಾಕಿದ್ರ ನಮ್ಮ ಓಣಿಗೆಲ್ಲಾ ಕೇಳತೈತ್ರಿ."

ಶಶಿಕುಮಾರ್ ಹಣೆ ಚಚ್ಚಿಕೊಂಡರು. ಚೊಂಬಿನೊಳಗಿನ ಅಲೆಗೆ ಹೊರಬರಲು ಬಾಯಿಯೊಂದೇ ದಾರಿ. ಅದು ಕಿಟಕಿ ದಾಟಿ ಎದುರುಮನೆಯ ಗಾಜಿನ ಗೋಡೆಗೆ ಬಡಿದು ಕಂಬಕ್ಕೆ ಹೋಗುತ್ತಿತ್ತು. ಕನ್ನಡಿಯಲ್ಲಿ ನಮ್ಮ ಮುಖ ಕನ್ನಡಿಯ ಹಿಂದಿದ್ದಂತೆ ಕಾಣುವ ಹಾಗೆ, ಕಂಬಕ್ಕೆ ನರಸಮ್ಮನವರು ಎದುರುಮನೆಯ ಹಿಂದೆ ಕಂಡರು. ಅಲ್ಲಿರುವುದು ಕಾಲುವೆ.

ಶಶಿಕುಮಾರ್ ಫೋನು ಹೊರತೆಗೆದು ಸ್ಲ್ಯಾಬಿನ ಮೇಲಿಟ್ಟರು. ಕ್ಷಣದಲ್ಲೇ ಅವರಿಗೆ ನಿರ್ದೇಶಕಿಯ ಕರೆ ಬಂತು.

"ಏನ್ರೀ ಇದು? ನೋಟಿಸ್ ಕೊಟ್ಟ ಮೇಲೆ ಆಯಮ್ಮ ಮನೇನ ಮೂವತ್ತು ಮೀಟರ್ ಎತ್ತಿಟ್ಟಿದಾರೆ! ನಿಯಮ ಹದಿನಾಲ್ಕರಲ್ಲಿ ಒತ್ತುವರಿ ಮನೆ ಎಲ್ಲಿಗೆ ಸರಿಸಿದ್ರೂ ಅಲ್ಲೇ ಹೋಗಿ ಒಡೀಬೇಕು, ಗೊತ್ತಲ್ಲ?"

"ಇಲ್ಲ ಮೇಡಂ, ಅದು ಚೊಂಬು..."

"ನಮ್ಮ ಮಾನದಂಡದಲ್ಲಿ ಚೊಂಬು ಇಲ್ಲ!"

ಶಶಿಕುಮಾರ್ ಬೆವರುತ್ತ ಫೋನನ್ನು ಮತ್ತೆ ಚೊಂಬಿಗೆ ಹಾಕಿದರು. ಮನೆ ಕಾಲುವೆಗೆ ಮರಳಿದ್ದನ್ನು ಕಚೇರಿ ದೃಢಪಡಿಸಿತು.

ಏಳನೇ ದಿನ ಬೆಳಗ್ಗೆ ಹತ್ತಕ್ಕೆ ಜೆಸಿಬಿ ಬಂತು. ನರಸಮ್ಮನವರು ಗೇಟಿಗೆ ಎರಡೂ ಕೈ ಅಡ್ಡ ಹಿಡಿದು ನಿಂತರು. ನನ್ನ ಕೆಲಸ ಫೋಟೋ ತೆಗೆಯುವುದಾಗಿತ್ತು, ತೆಗೆದೆ. ಜೆಸಿಬಿ ಚಾಲಕ ಲೊಕೇಶನ್ ನೋಡಿಕೊಂಡು ಅವರ ಗೇಟು ದಾಟಿ, ಮೂಲೆಯಲ್ಲಿ ತಿರುಗಿ, ನೇರ ಕಾಲುವೆಗೆ ಹೋದ.

"ಮೇಡಂ, ಇಲ್ಲಿ ಮನೆ ಇಲ್ವಲ್ಲ!" ಎಂದು ಅಲ್ಲಿಂದಲೇ ನಿರ್ದೇಶಕಿಗೆ ಫೋನು ಮಾಡಿದ.

"ಇಲ್ಲ ತಾನೇ?" ಎಂದರು ಶೋಭಾರಾಣಿ. "ಹಾಗಾದ್ರೆ ತೆರವಾಗಿದೆ ಅಂತ ಬರ್ಕೊಳ್ಳಿ."

ಫೋಟೋಗೆ ಏನಾದರೂ ಬೇಕೆಂದು ಎರಡು ಬಕೆಟ್ ಹೂಳು ಎತ್ತಿಸಲಾಯಿತು. ಹನ್ನೊಂದು ವರ್ಷದಲ್ಲಿ ಆ ಕಾಲುವೆಯ ಹೂಳು ತೆಗೆದದ್ದು ಅದೇ ಮೊದಲು. ಸಂಜೆಯೊಳಗೆ ಇನ್ನೂರ ಹನ್ನೆರಡನೇ ನಂಬರಿನ ಮನೆಯನ್ನು ಸಂಪೂರ್ಣ ಕೆಡವಲಾಗಿದೆ ಎಂಬ ಪ್ರಮಾಣಪತ್ರ ಸಿದ್ಧವಾಯಿತು. ಅದನ್ನು ಕೊಡಲು ನಾನೂ ಶಶಿಕುಮಾರ್ ಅವರೂ ಆ ಮನೆಗೇ ಹೋಗಿ, ಕಾಲಿಂಗ್ ಬೆಲ್ ಒತ್ತಿದೆವು.

"ಹಂಗಾದ್ರೆ ನಾನಿನ್ನೆಲ್ಲಿರ್ಲಪ್ಪಾ?" ಎಂದರು ನರಸಮ್ಮನವರು.

"ಇಲ್ಲೇ ಇರಿ ಅಮ್ಮಾ" ಎಂದರು ಶಶಿಕುಮಾರ್. "ಒಡೆದಾಗಿರೋ ಮನೇನ ಇನ್ಯಾರೂ ಒಡೆಯಕ್ಕಾಗಲ್ಲ. ಫೋನ್ ಮಾತ್ರ ಚೊಂಬಿಂದ ತೆಗೀಬೇಡಿ. ತೆಗೆದ್ರೆ ಮನೆ ಮತ್ತೆ ಎದ್ದು ನಿಲ್ಲತ್ತೆ."

ಈ ಸುದ್ದಿ ಹಬ್ಬಿದ್ದೇ ತಡ, ಅಡ್ಡರಸ್ತೆಯವರೆಲ್ಲ ಚೊಂಬು ಕೊಂಡರು. ಈಗ ನಮ್ಮ ದಾಖಲೆಯ ಪ್ರಕಾರ ನೂರ ನಲವತ್ತು ಕುಟುಂಬಗಳು ಕಾಲುವೆಯಲ್ಲೂ ಉದ್ಯಾನದಲ್ಲೂ ಓವರ್‌ಹೆಡ್ ಟ್ಯಾಂಕಿನೊಳಗೂ ವಾಸಿಸಿ, ಕ್ರಮಬದ್ಧವಾಗಿ ತೆರವುಗೊಂಡಿವೆ. ಪ್ರಾಧಿಕಾರಕ್ಕೆ ನಿಖರತೆಗಾಗಿ ಪ್ರಶಸ್ತಿ ಬಂದಿದೆ. ಕೆಂಗೇರಿ ಉಪನಗರದಲ್ಲಿ ಸ್ವಂತ ಮನೆಯಿರುವ ನಿರ್ದೇಶಕಿಯವರೂ ಎರಡು ಲೀಟರಿನದೊಂದು ಚೊಂಬು ತರಿಸಿಕೊಂಡಿದ್ದಾರೆ, ಬಿಲ್ಲನ್ನು ನಾನೇ ಲೇಖನ ಸಾಮಗ್ರಿಗೆ ಸೇರಿಸಿದೆ.

ನರಸಮ್ಮನವರು ಫೋನನ್ನು ಕಿವಿಗೆ ಹಿಡಿದು ವರ್ಷವಾಗುತ್ತ ಬಂತು. ಚಾರ್ಜರಿನ ವೈರನ್ನು ರುದ್ರೇಶ ಚೊಂಬಿನೊಳಕ್ಕೇ ಇಳಿಬಿಟ್ಟಿದ್ದಾನೆ. ಮೊನ್ನೆ ನಾನು ಕಾಫಿಗೆಂದು ಅವರ ಮನೆಗೆ ಹೋದಾಗ ಬ್ಯಾಡರಹಳ್ಳಿಯಲ್ಲಿರುವ ಅವರ ಮಗಳು ಕರೆ ಮಾಡಿದರು. "ಎಲ್ಲಿದೀಯಮ್ಮಾ?" ಎಂಬುದು ನನಗೂ ಕೇಳಿಸಿತು.

ನರಸಮ್ಮನವರು ಕಿಟಕಿಗೆ ಬಾಗಿ, ಚೊಂಬಿನ ಬಾಯಿಗೆ ಬಾಯಿಟ್ಟು ಕೂಗಿದರು:

"ಕಾಲುವೇಲೇ ಇದೀನಿ ಕಣೇ. ಮನೆ ಉಳಿದಿದೆ."